ಗೋವಾದಲ್ಲಿ ರೂಮು ಎಲ್ಲಿ ಮಾಡಬೇಕು? ಕಲಂಗುಟ್, ಕೋಲ್ವಾ, ಪಣಜಿ ಮೂರೂ ಕಡೆ ಉಳಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಜೊತೆಯಲ್ಲಿ ವಯಸ್ಸಾದವರೂ ಮಕ್ಕಳೂ ಇದ್ದರೆ ಪಣಜಿಯಲ್ಲಿ ರೂಮು ಮಾಡಿ. ಗೋವಾ ಅಂದ ತಕ್ಷಣ ಎಲ್ಲರೂ ಬೀಚಿನ ಪಕ್ಕದಲ್ಲೇ ರೂಮು ಹುಡುಕುತ್ತಾರೆ, ನಾನೂ ಎರಡು ಸಲ ಹಾಗೇ ಮಾಡಿದೆ. ಮೂರನೇ ಸಲ ಪಣಜಿಯಲ್ಲಿ ಉಳಿದಾಗಲೇ ಮನೆಯವರೆಲ್ಲ ಖುಷಿಯಾಗಿ ಊರಿಗೆ ಹೋಗಿದ್ದು.

ನಾನು ವಾಸ್ಕೋದಲ್ಲಿ ಕೆಲಸಕ್ಕಿದ್ದು ಒಂಬತ್ತು ವರ್ಷವಾಯಿತು. ಒಂದು ರೂಮು, ಒಂದು ಅಡುಗೆಮನೆ ಇರುವ ಬಾಡಿಗೆ ಮನೆ. ಗದಗದಿಂದ ಅವ್ವ, ಅಕ್ಕ, ಭಾವ, ಅವರ ಇಬ್ಬರು ಮಕ್ಕಳು ಬಂದರೆ ಮಲಗಲು ಜಾಗ ಸಾಲುವುದಿಲ್ಲ. ಅದಕ್ಕೇ ದಸರಾ ರಜೆಗೆ ಅವರು ಬಂದಾಗ ಮೂರು ರಾತ್ರಿಗೆ ಎರಡು ರೂಮು ಹಿಡಿದು, ನಾನೂ ರಜೆ ಹಾಕಿ ಜೊತೆಗೆ ಇರುತ್ತೇನೆ. 2022ರಲ್ಲಿ ಕಲಂಗುಟ್, 2023ರಲ್ಲಿ ಕೋಲ್ವಾ, 2024ರಲ್ಲಿ ಪಣಜಿ. ಅವ್ವನಿಗೆ ಮೊಣಕಾಲು ನೋವು, ಹತ್ತು ನಿಮಿಷಕ್ಕಿಂತ ಜಾಸ್ತಿ ನಡೆಯಲು ಆಗುವುದಿಲ್ಲ. ಮಕ್ಕಳಲ್ಲಿ ಸಣ್ಣವನಿಗೆ ಮೊದಲ ಸಲ ಬಂದಾಗ ಐದು ವರ್ಷ. ನಮ್ಮಲ್ಲಿ ಯಾರೂ ಮೀನು ತಿನ್ನುವುದಿಲ್ಲ, ಕುಡಿಯುವುದಿಲ್ಲ. ಕಾರು ಇಲ್ಲ. ಇಷ್ಟು ಗೊತ್ತಿದ್ದರೆ ಮುಂದಿನ ಮಾತು ನಿಮಗೆ ಎಷ್ಟು ಹೊಂದುತ್ತದೆ ಅಂತ ನೀವೇ ನೋಡಿಕೊಳ್ಳಬಹುದು.

ಕಲಂಗುಟ್‌ನಲ್ಲಿ ನನ್ನನ್ನು ಸುಸ್ತು ಮಾಡಿದ್ದು ಸಮುದ್ರ ಅಲ್ಲ, ಜನಜಂಗುಳಿಯೂ ಅಲ್ಲ. ಟ್ಯಾಕ್ಸಿ.

ರೂಮಿನ ಜಾಹೀರಾತಿನಲ್ಲಿ 'ಬೀಚಿಗೆ ಐದು ನಿಮಿಷ' ಅಂತ ಇತ್ತು. ಹೋಗಿ ನೋಡಿದರೆ ಲಾಡ್ಜ್ ಇರುವುದು ಅರ್ಪೋರಾ ಕಡೆ, ಒಳಗಿನ ಒಂದು ಓಣಿಯಲ್ಲಿ. ಐದು ನಿಮಿಷ ಅನ್ನುವುದು ಸ್ಕೂಟರಿನ ಲೆಕ್ಕ. ನಡೆದರೆ ಅರ್ಧ ಗಂಟೆ, ಅದೂ ಫುಟ್‌ಪಾತ್ ಇಲ್ಲದ ರಸ್ತೆ, ಪಕ್ಕದಲ್ಲೇ ಬಾಡಿಗೆ ಬೈಕುಗಳು ಸುಂಯ್ ಅಂತ ಹೋಗುತ್ತವೆ. ಮೊದಲ ದಿನ ಸಂಜೆ ನಡೆದೇ ಹೊರಟೆವು. ಅರ್ಧ ದಾರಿಯಲ್ಲಿ ಅವ್ವ ಒಂದು ಅಂಗಡಿಯ ಕಟ್ಟೆಯ ಮೇಲೆ ಕುಳಿತುಬಿಟ್ಟಳು. "ನೀವು ಹೋಗಿ ಬರ್ರಿ, ನಾ ಇಲ್ಲೇ ಕುಂದರ್ತೀನಿ" ಅಂದಳು. ಅವಳನ್ನು ಬಿಟ್ಟು ಸಮುದ್ರ ನೋಡಿ ಏನು ಮಾಡುವುದು? ಅಲ್ಲಿಂದ ಮುಂದೆ ಮೂರು ದಿನ, ಹೊರಗೆ ಕಾಲಿಟ್ಟಾಗಲೆಲ್ಲ ಟ್ಯಾಕ್ಸಿ.

ಗೋವಾದ ಟ್ಯಾಕ್ಸಿ ಬೆಂಗಳೂರು, ಹುಬ್ಬಳ್ಳಿಯ ಹಾಗಲ್ಲ. ಹೊಸದಾಗಿ ಬರುವವರಿಗೆ ಇದು ಗೊತ್ತಿರುವುದಿಲ್ಲ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಬೀಚಿನ ಊರುಗಳಲ್ಲಿ ಆಯಾ ಜಾಗಕ್ಕೆ ಅದರದೇ ಸ್ಟ್ಯಾಂಡ್ ಇರುತ್ತದೆ, ದರ ಅವರೇ ಹೇಳುತ್ತಾರೆ. ನಿಮ್ಮನ್ನು ಬಿಟ್ಟ ಗಾಡಿ ಖಾಲಿ ವಾಪಸ್ ಬರಬೇಕಲ್ವಾ, ಆ ದುಡ್ಡೂ ನಿಮ್ಮ ಲೆಕ್ಕಕ್ಕೇ ಸೇರುತ್ತದೆ. ಆರು ಜನ ಅಂದರೆ ದೊಡ್ಡ ಗಾಡಿ, ದರ ಇನ್ನೂ ಮೇಲೆ. ನಿಂತರೆ ಕಾಯುವ ಚಾರ್ಜು ಬೇರೆ. ಓಲಾ, ಊಬರ್ ಇಲ್ಲಿಲ್ಲ. ಇಲ್ಲಿನದೇ ಆ್ಯಪ್‌ನಲ್ಲಿ ಗಾಡಿ ಕರೆದರೆ "ಲಾಡ್ಜ್ ಬಾಗಿಲಿಗೆ ಬರಲ್ಲ, ಮೇನ್ ರೋಡಿಗೆ ಬನ್ನಿ" ಅಂದರು. ಸ್ಟ್ಯಾಂಡಿನವರು ಜಗಳಕ್ಕೆ ಬರುತ್ತಾರೆ ಅನ್ನುವ ಭಯ ಅವರಿಗೆ. ಮೇನ್ ರೋಡಿಗೆ ನಡೆಯಲು ಅವ್ವನಿಗೆ ಆಗುತ್ತಿದ್ದರೆ ಟ್ಯಾಕ್ಸಿಯೇ ಬೇಕಿರಲಿಲ್ಲ.

ಎರಡನೇ ದಿನ ಬಸ್ಸಿನಲ್ಲಿ ಪಣಜಿಗೆ ಹೋದೆವು, ಸುಮಾರು 15 ಕಿ.ಮೀ. ಹೋಗುವಾಗ ಏನೂ ತೊಂದರೆ ಆಗಲಿಲ್ಲ. ಸಂಜೆ ಮಾಂಡೋವಿ ನದಿಯ ಬೋಟ್ ಸವಾರಿ ಮುಗಿಸಿ ಕದಂಬ ಬಸ್‌ಸ್ಟ್ಯಾಂಡಿಗೆ ಬಂದಾಗ ಏಳೂವರೆ. ಕಲಂಗುಟ್ ಕಡೆಯ ಮಿನಿಬಸ್ಸಿನ ಬಾಗಿಲಲ್ಲೇ ಜನ ಜೋತು ನಿಂತಿದ್ದರು. ಕಂಡಕ್ಟರ್ "ಫುಡೆ ವಚ್, ಫುಡೆ ವಚ್" ಅಂತ ಒಳಗಿನವರನ್ನು ಮುಂದೆ ನೂಕುತ್ತಿದ್ದ. ಅವ್ವನನ್ನು ಅದರಲ್ಲಿ ಹತ್ತಿಸುವ ಮಾತೇ ಇರಲಿಲ್ಲ. ಸಣ್ಣವ ಭಾವನ ಹೆಗಲ ಮೇಲೆ ನಿದ್ದೆ ಹೋಗಿದ್ದ. ಮುಂದಿನ ಬಸ್ಸಿಗೆ ಮುಕ್ಕಾಲು ಗಂಟೆ ಕಾದೆವು, ಅದು ಬರಲೇ ಇಲ್ಲ. ಕೊನೆಗೆ 1,400 ರೂಪಾಯಿ ಕೊಟ್ಟು ಗಾಡಿ ಮಾಡಿದೆ. ಅವ್ವ ದಾರಿಯುದ್ದಕ್ಕೂ ಮಾತಾಡಲಿಲ್ಲ. ಇಳಿಯುವಾಗ "ನನ್ನ ಸಲುವಾಗಿ ಭಾಳ ಖರ್ಚಾತಲ್ಲೋ ಯಪ್ಪಾ" ಅಂದಳು. ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ.

ನಾನು ಖರ್ಚು ಬರೆದಿಡುತ್ತೇನೆ. ಕಲಂಗುಟ್‌ನಲ್ಲಿ ರೂಮಿಗೆ 9,600, ಓಡಾಟಕ್ಕೆ 6,850. ಪಣಜಿಯಲ್ಲಿ ರೂಮಿಗೆ 11,400, ಓಡಾಟಕ್ಕೆ 1,740. ಕಡಿಮೆ ಬೆಲೆಯ ರೂಮು ಸಿಕ್ಕಿತು ಅಂತ ಹಿಗ್ಗುವ ಮೊದಲು ಓಡಾಟದ ಲೆಕ್ಕ ಹಾಕಿ.

ಕಲಂಗುಟ್‌ನಲ್ಲಿ ಒಳ್ಳೆಯದು ಏನೂ ಇರಲಿಲ್ಲ ಅಂತಲ್ಲ. ಅಗ್ವಾದ ಕೋಟೆ ಹತ್ತಿರ. ಪೋರ್ಚುಗೀಸರು 1612ರಲ್ಲಿ ಕಟ್ಟಿದ್ದು. ಮೇಲಿನಿಂದ ಸಮುದ್ರ ನೋಡಿ ಮಕ್ಕಳು ಕೂಗಿದ ಕೂಗು ಇನ್ನೂ ಕಿವಿಯಲ್ಲಿದೆ. ಅವ್ವನಿಗೆ ಸಿಕ್ಕಿದ್ದು ಬೇರೆಯದೇ ಖುಷಿ. ಬೀಚಿನಲ್ಲಿ ಮಣಿಸರ, ಕಾಲ್ಗೆಜ್ಜೆ ಮಾರುತ್ತಾ ಬಂದ ಲಂಬಾಣಿ ಹೆಂಗಸು ನಮ್ಮ ಮಾತು ಕೇಳಿ "ಯಾವೂರವ್ವಾ?" ಅಂದಳು. ಅವಳು ಮುಂಡರಗಿ ಕಡೆಯವಳು. ಇಬ್ಬರೂ ಮರಳಿನ ಮೇಲೆ ಕುಳಿತು ಅರ್ಧ ಗಂಟೆ ಮಳೆ, ಬೆಳೆ, ಮಕ್ಕಳ ಮದುವೆ ಮಾತಾಡಿದರು. ಎದ್ದು ಹೋಗುವಾಗ ಅವಳು ಮೊಮ್ಮಗಳ ಕೈಗೆ ಒಂದು ಸರ ಕಟ್ಟಿ ದುಡ್ಡು ಬೇಡ ಅಂದಳು. ಅವ್ವ ಬಲವಂತ ಮಾಡಿ ಕೊಟ್ಟಳು.

ಕೋಲ್ವಾಕ್ಕೆ ಬರೋಣ. ಸಮುದ್ರ ಒಂದನ್ನೇ ನೋಡುವುದಾದರೆ ಮೂರರಲ್ಲಿ ಇದೇ ಮೇಲು. ಬಿಳಿ ಮರಳು, ಅಗಲವಾದ ದಂಡೆ, ಸುಮಾರು 25 ಕಿ.ಮೀ. ಉದ್ದದ ತೀರದ ಒಂದು ತುಂಡು ಇದು. ಮಡಗಾಂವ್‌ನಿಂದ ಬರೀ ಆರು ಕಿ.ಮೀ., ಹಗಲಲ್ಲಿ ಬಸ್ಸು ಮೇಲಿಂದ ಮೇಲೆ ಇವೆ. ಮಕ್ಕಳು ಎರಡು ದಿನ ನೀರಿನಿಂದ ಮೇಲೇಳಲಿಲ್ಲ. ಲೈಫ್‌ಗಾರ್ಡ್‌ಗಳು ನೆಟ್ಟ ಕೆಂಪು-ಹಳದಿ ಬಾವುಟಗಳ ನಡುವೆ ಮಾತ್ರ ಇಳಿಸಿ. ಬರೀ ಕೆಂಪು ಬಾವುಟ ಇದ್ದ ಕಡೆ ಪಾದ ತೊಳೆಯಲೂ ಇಳಿಯಬೇಡಿ. ನಮ್ಮ ಬಯಲುಸೀಮೆಯವರಿಗೆ ಕೆರೆ ಗೊತ್ತು, ಅಲೆ ಗೊತ್ತಿಲ್ಲ. ಮೊಣಕಾಲು ನೀರೇ ಅಲ್ವಾ ಅಂತ ನಿಂತವರ ಕಾಲಡಿಯ ಮರಳನ್ನು ಅಲೆ ಎಳೆದುಕೊಂಡು ಹೋಗುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ನಾವು ಹೋದ ದಿನವೇ ಅಲ್ಲಿನ ಚರ್ಚಿನ ಜಾತ್ರೆ ಇತ್ತು. ಅಕ್ಟೋಬರ್ ತಿಂಗಳ ಎರಡನೇ ಸೋಮವಾರ ಬಾಲ ಯೇಸುವಿನ ಮೂರ್ತಿಯನ್ನು ದರ್ಶನಕ್ಕೆ ಇಡುತ್ತಾರೆ. ಅಂಗಡಿ ಸಾಲಿನಲ್ಲಿ ಶುಂಠಿ-ಬೆಲ್ಲದ ಖಾಜೆ ಸಿಕ್ಕಿತು, ಅವ್ವ ಎರಡು ಪೊಟ್ಟಣ ಊರಿಗೆ ಕಟ್ಟಿಸಿಕೊಂಡಳು.

ಆದರೆ ಕೋಲ್ವಾದಲ್ಲಿ ಸಮುದ್ರ ಬಿಟ್ಟರೆ ಮಕ್ಕಳಿಗೆ ಬೇರೆ ಏನಿದೆ? ಎರಡನೇ ದಿನ ಮಧ್ಯಾಹ್ನ ಗುಡುಗು ಮಳೆ ಶುರುವಾಯಿತು. ಅಕ್ಟೋಬರಿನಲ್ಲಿ ಇದು ಆಗುವಂಥದ್ದೇ. ಮೂರು ಗಂಟೆ ಆರೂ ಜನ ಒಂದೇ ರೂಮಿನಲ್ಲಿ ಕುಳಿತೆವು. ಮಕ್ಕಳು ಮಂಚದ ಮೇಲೆ ಜಗಳಾಡಿದರು, ಭಾವ ಮೊಬೈಲ್ ನೋಡಿದರು. ಊಟಕ್ಕೂ ಕಷ್ಟವಾಯಿತು. ಸಸ್ಯಾಹಾರ ಅಂತ ಕೇಳಿದರೆ ಪನೀರು ಮತ್ತು ಫ್ರೈಡ್ ರೈಸು. ಅವ್ವ ಊರಿಂದ ತಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿಯಲ್ಲೇ ಮೂರು ದಿನ ಕಳೆದಳು.

ಈಗ ಪಣಜಿ. ಲಾಡ್ಜ್ ಕಂಪಾಲ್ ಹತ್ತಿರ, ಹಳೆಯ ಕಟ್ಟಡ, ನೆಲಮಹಡಿ ಬೇಕು ಅಂತ ಕೇಳಿ ತೆಗೆದುಕೊಂಡಿದ್ದೆ. ಟಿವಿ ಸಣ್ಣದು, ಬಾತ್‌ರೂಮಿನ ಟೈಲ್ಸು ಹಳೆಯವು. ಯಾರಿಗೂ ಅದು ನೆನಪಿಲ್ಲ.

ನೆನಪಿರುವುದು ಬೆಳಗಿನ ಹಾರ್ನು. ಆರೂವರೆಗೆ ಸೈಕಲ್ಲಿನ ಪೊದೇರ್, ಅಂದರೆ ಪಾವ್ ಮಾರುವವ, 'ಪೊಂವ್, ಪೊಂವ್' ಅಂತ ಒತ್ತುತ್ತಾ ಬರುತ್ತಾನೆ. ಹಿಂದೆ ದೊಡ್ಡ ಬುಟ್ಟಿ, ಮೇಲೆ ನೀಲಿ ಪ್ಲಾಸ್ಟಿಕ್ ಹೊದಿಕೆ. ಅದನ್ನು ಸರಿಸಿದರೆ ಬಿಸಿ ಬಿಸಿ ಪಾವ್ ವಾಸನೆ. ಅವ್ವ ಬಾಗಿಲಲ್ಲಿ ನಿಂತು ಕನ್ನಡದಲ್ಲೇ "ಇದು ಏನಪ್ಪಾ?" ಅಂತ ಕೇಳಿದಳು. ಅವನು ಕೊಂಕಣಿಯಲ್ಲಿ "ಪೊಯಿ" ಅಂದ. ಗೋಧಿ ತೌಡು ಮೆತ್ತಿದ, ಒಳಗೆ ಟೊಳ್ಳಾದ ರೊಟ್ಟಿ. ಅವ್ವ ಅದನ್ನು ಬಿಡಿಸಿ, ಒಳಗೆ ಶೇಂಗಾ ಚಟ್ನಿ ತುಂಬಿ, ಮೇಲೆ ಸ್ವಲ್ಪ ಎಣ್ಣೆ ಹಾಕಿ ಮಕ್ಕಳಿಗೆ ಕೊಟ್ಟಳು. ಮರುದಿನದಿಂದ ಹಾರ್ನು ಕೇಳಿದ ತಕ್ಷಣ ಸಣ್ಣವ ಹಾಸಿಗೆಯಿಂದ ಓಡುತ್ತಿದ್ದ. ಇನ್ನು ಹೋಟೆಲ್ ವಿಷಯ: ಪಣಜಿ ಪೇಟೆಯಲ್ಲಿ ಬನ್ಸ್, ಭಾಜಿ-ಪಾವ್, ಇಡ್ಲಿ ಸಿಗುವ ಸಸ್ಯಾಹಾರಿ ಹೋಟೆಲುಗಳು ಹೆಜ್ಜೆಗೊಂದು. ಊಟದ ಚಿಂತೆ ಮುಗಿಯಿತು.

ಕಂಪಾಲ್‌ನ ಮಕ್ಕಳ ಪಾರ್ಕ್ ನಡೆದು ಹೋಗುವಷ್ಟು ದೂರ. ಜಾರುಬಂಡಿ, ಉಯ್ಯಾಲೆ, ನೆರಳು. ಅವ್ವ ಬೆಂಚಿನ ಮೇಲೆ, ಮಕ್ಕಳು ಕಣ್ಣೆದುರಿಗೆ. ದೋನಾ ಪಾವ್ಲಾ ಕಡೆಯ ಬಸ್ಸು ಹತ್ತಿದರೆ ಸ್ವಲ್ಪ ಹೊತ್ತಿನಲ್ಲೇ ಮೀರಾಮಾರ್. ಅಲ್ಲೇ ಗೋವಾ ವಿಜ್ಞಾನ ಕೇಂದ್ರ ಇದೆ. ಈ ಸಲವೂ ಒಂದು ಮಧ್ಯಾಹ್ನ ಮಳೆ ಬಂತು. ಆದರೆ ಮಕ್ಕಳಿಗೆ ಮಳೆ ಬಂದದ್ದೇ ಗೊತ್ತಾಗಲಿಲ್ಲ, ಒಳಗೆ ಒಂದೊಂದೇ ಹಿಡಿಕೆ ತಿರುಗಿಸುತ್ತಾ, ಗುಂಡಿ ಒತ್ತುತ್ತಾ ಎರಡೂವರೆ ಗಂಟೆ ಕಳೆದರು. ದೊಡ್ಡವಳು ಶಾಲೆಯಲ್ಲಿ ಓದಿದ್ದನ್ನು ಕೈಯಲ್ಲಿ ಮಾಡಿ ನೋಡಿ ನನ್ನನ್ನು ಎಳೆದು ತೋರಿಸಿದಳು. ಕೋಲ್ವಾದ ಆ ಮೂರು ಗಂಟೆಯ ಜೊತೆ ಇದನ್ನು ಹೋಲಿಸಿದರೆ ನನಗೆ ಬೇರೆ ಕಾರಣವೇ ಬೇಕಿಲ್ಲ.

ಇನ್ನೊಂದು, ಪೂರ್ತಿ ಪುಕ್ಕಟೆ. ಪಣಜಿ ದಡದಿಂದ ಎದುರಿನ ಬೆತಿಮ್‌ಗೆ ಹೋಗುವ ಫೆರಿಬೋಟ್. ನಡೆದು ಹತ್ತುವವರಿಗೆ ಟಿಕೆಟ್ ಇಲ್ಲ. ದಡ ಮುಟ್ಟುವಾಗ ಮುಂದಿನ ಕಬ್ಬಿಣದ ಹಲಗೆ ಸರಪಳಿಯಲ್ಲಿ ಕಿರ್ರ್ ಅಂತ ಇಳಿಯುತ್ತದೆ, ಸ್ಕೂಟರುಗಳು ಮೊದಲು ಗುರ್ರ್ ಅಂತ ಇಳಿದು ಹೋಗುತ್ತವೆ, ಆಮೇಲೆ ಜನ. ಸಣ್ಣವ ಆ ಹಲಗೆ ನೋಡಲೆಂದೇ ಮೂರು ಸಲ ಹೋಗಿ ಬಂದ. ಅವ್ವ ಒಳಗಿನ ಬೆಂಚಿನಲ್ಲಿ ಕುಳಿತು ನದಿಯ ಗಾಳಿ ತೆಗೆದುಕೊಂಡಳು. ಪಣಜಿ ದಡದ ರಸ್ತೆಯ ಪಕ್ಕದಲ್ಲೇ ಹಳೆಯ ಸೆಕ್ರೆಟರಿಯೇಟ್ ಕಟ್ಟಡ. ಅದು ಮೂಲದಲ್ಲಿ ಬಿಜಾಪುರದ ಯೂಸುಫ್ ಆದಿಲ್ ಶಾಹನ ಅರಮನೆ ಅಂತ ಹೇಳಿದಾಗ ಭಾವ ನಿಂತುಬಿಟ್ಟರು. "ಗೋಳಗುಮ್ಮಟದವರು ಇಲ್ಲೀತನ ಬಂದಿದ್ರನ್ರಿ?" ಅಂತ ಕೇಳಿ ಫೋಟೋ ತೆಗೆಸಿಕೊಂಡರು. ಇಲ್ಲಿನ ಸರ್ಕಾರಿ ಬಸ್ಸಿಗೆ ಕದಂಬ ಅನ್ನುವ ಹೆಸರು ಎಲ್ಲಿಂದ ಬಂತು ಅನ್ನುವುದನ್ನೂ ಅವರಿಗೆ ಹೇಳಿದೆ. ಗೋವಾ ಆಳಿದ ಕದಂಬರು ಬನವಾಸಿಯ ಕದಂಬರ ವಂಶದವರು.

ಹಳೆ ಗೋವಾಕ್ಕೆ ಬಸ್ಸಿನಲ್ಲಿ ಅರ್ಧ ಗಂಟೆ. 1605ರಲ್ಲಿ ಮುಗಿದ ಬಾಮ್ ಜೀಸಸ್ ಬೆಸಿಲಿಕಾ, ಎದುರಿಗೆ ಸೇ ಕೆಥೆಡ್ರಲ್. ಮೆಟ್ಟಿಲು ಕಡಿಮೆ, ಅವ್ವನಿಗೆ ಆಯಿತು. ದೀಪಾವಳಿಗೆ ಇನ್ನೂ ಎರಡು ವಾರ ಇತ್ತು. ಲಾಡ್ಜಿನ ಓಣಿಯ ಹುಡುಗರು ನರಕಾಸುರನ ಗೊಂಬೆಗೆ ಕಬ್ಬಿಣದ ಚೌಕಟ್ಟು ಕಟ್ಟುತ್ತಿದ್ದರು. ಸಂಜೆ ಹೊತ್ತು ಮಕ್ಕಳು ಅದರ ಮುಂದೆಯೇ ನಿಂತಿರುತ್ತಿದ್ದರು.

ಪಣಜಿಯ ಕೊರತೆ ಒಂದೇ, ಅದು ಸಣ್ಣದಲ್ಲ. ಮೀರಾಮಾರ್ ಈಜುವ ಬೀಚ್ ಅಲ್ಲ. ಮಾಂಡೋವಿ ಸಮುದ್ರ ಸೇರುವ ಜಾಗ ಅದು, ಒಳಗೆ ಸೆಳೆತ ಇರುತ್ತದೆ. ಸಂಜೆ ಕೂರಲು, ಮರಳಲ್ಲಿ ಆಡಲು ಬಹಳ ಚೆಂದ. ನೀರಿಗಿಳಿಯಲು ಬೇಡ. ಮಕ್ಕಳು ಮೊದಲ ದಿನ ಮುಖ ಊದಿಸಿಕೊಂಡರು. ರಾತ್ರಿ ನದಿಯ ಪಕ್ಕದ ರಸ್ತೆಯಲ್ಲಿ ಕ್ಯಾಸಿನೊ ಹಡಗುಗಳ ಗಿರಾಕಿಗಳು, ಕಾರುಗಳು ಜಾಸ್ತಿ. ಮಕ್ಕಳ ಕೈ ಹಿಡಿದೇ ದಾಟಬೇಕು.

ಸ್ಕೂಟರ್ ಓಡಿಸುವ ಇಬ್ಬರೇ ಬರುವುದಾದರೆ ಕಲಂಗುಟ್ ಸಾಕು, ನನ್ನ ತಕರಾರು ಅವರಿಗೆ ತಟ್ಟುವುದಿಲ್ಲ. ಸ್ವಂತ ಕಾರಿನಲ್ಲಿ ಬಂದು ದಿನಪೂರ್ತಿ ನೀರಲ್ಲೇ ಇರುತ್ತೇವೆ ಅನ್ನುವವರಿಗೆ ಕೋಲ್ವಾ. ನಮ್ಮಂಥ ಬಸ್ಸಿನ ಮಂದಿಗೆ, ರೊಟ್ಟಿ ಬುತ್ತಿ ಕಟ್ಟಿಕೊಂಡು ಬರುವವರಿಗೆ ಪಣಜಿ. ಗದಗ, ಹುಬ್ಬಳ್ಳಿ ಕಡೆಯಿಂದ ಬರುವವರು ಹಗಲು ರೈಲು ಹಿಡಿಯಿರಿ. ಕ್ಯಾಸಲ್‌ರಾಕ್ ದಾಟಿ ಘಾಟ್ ಇಳಿಯುವಾಗ ದೂಧಸಾಗರ ಕಿಟಕಿಯಲ್ಲೇ ಕಾಣುತ್ತದೆ. ಅಕ್ಟೋಬರಿನಲ್ಲಿ ನೀರು ಇನ್ನೂ ಚೆನ್ನಾಗಿರುತ್ತದೆ.

ಈ ಸಲವೂ ಅದೇ ಲಾಡ್ಜಿಗೆ ಫೋನ್ ಮಾಡಿ ನೆಲಮಹಡಿಯ ಅದೇ ಎರಡು ರೂಮು ಹೇಳಿಟ್ಟಿದ್ದೇನೆ. ಮಕ್ಕಳ ಸ್ನಾನಕ್ಕೆ ಒಂದು ದಿನ ಕೋಲ್ವಾಕ್ಕೆ ಹೋಗಿಬರುತ್ತೇವೆ. ಪಣಜಿ ಸ್ಟ್ಯಾಂಡಿನಿಂದ ಮಡಗಾಂವ್‌ಗೆ ಕದಂಬದ ನಾನ್‌ಸ್ಟಾಪ್ ಬಸ್ಸಿದೆ. ಅದಕ್ಕೆ ಟಿಕೆಟ್ ಕೆಳಗೆ ಕೌಂಟರಿನಲ್ಲೇ ತೆಗೆದುಕೊಂಡು ಸಾಲಿನಲ್ಲಿ ಹತ್ತಬೇಕು, ಹಾಗಾಗಿ ಅವ್ವನಿಗೆ ಕುಳಿತುಕೊಳ್ಳಲು ಸೀಟು ಖಾತ್ರಿ. ಮೊನ್ನೆ ಫೋನಿನಲ್ಲಿ ಅವ್ವ ಕೇಳಿದ್ದು ಒಂದೇ: "ಆ ಹಾರ್ನಿನ ಹುಡುಗ ಇನ್ನೂ ಬರ್ತಾನೇನೋ? ಈ ಸಲ ಚಟ್ನಿ ಜಾಸ್ತಿ ತರ್ತೀನಿ, ಅವಗೂ ಒಂದಿಷ್ಟು ಕೊಡೂಣು."