ಕ್ಯಾನನ್ ಸೆಲ್ಫಿ ಸಿಪಿ1500: ನನ್ನ ಫೋಟೋಗಳಿಗೆ ನ್ಯಾಯ ಕೊಟ್ಟ ಪುಟ್ಟ ಪ್ರಿಂಟರ್

ಫೋಟೋ ತೆಗೆಯುವ ಹುಚ್ಚಿದೆ, ಆದರೆ ತೆಗೆದದ್ದು ಯಾವುದೂ ಮನಸ್ಸಿಗೆ ಹಿಡಿಸುತ್ತಿಲ್ಲ ಅನ್ನುವವರು ಹೊಸ ಲೆನ್ಸ್‌ಗೆ ದುಡ್ಡು ಹಾಕುವ ಮೊದಲು ಈ ಪ್ರಿಂಟರ್ ಕಡೆ ಒಮ್ಮೆ ನೋಡಿ. ಹೆಸರು ಕ್ಯಾನನ್ ಸೆಲ್ಫಿ ಸಿಪಿ1500. ಮಾರುಕಟ್ಟೆಗೆ ಬಂದದ್ದು 2022ರಲ್ಲಿ. ಮೊಬೈಲ್ ಸೆಲ್ಫಿಗೂ ಇದಕ್ಕೂ ಸಂಬಂಧವಿಲ್ಲ, ಕಂಪನಿ ಇಟ್ಟ ಹೆಸರೇ ಹಾಗೆ. ಅಗಲ ಸುಮಾರು 18 ಸೆಂಟಿಮೀಟರ್, ತೂಕ ಒಂದು ಕೆಜಿಯೊಳಗೆ. ಇದರಲ್ಲಿ ಬರುವ ದೊಡ್ಡ ಫೋಟೋ ಅಂದರೆ ಹೆಚ್ಚುಕಡಿಮೆ 4×6 ಇಂಚಿನದು, ಹಿಂದೆ ಲ್ಯಾಬ್‌ನಲ್ಲಿ ಆಲ್ಬಮ್‌ಗೆ ಅಂತ ಹಾಕಿಸುತ್ತಿದ್ದ ಅಳತೆ. ಅದಕ್ಕಿಂತ ದೊಡ್ಡದು ಬೇಕಾದವರಿಗೆ ಇದು ಅಲ್ಲ.

ನಮ್ಮದು ಶಿರಸಿ ಹತ್ತಿರದ ಹಳ್ಳಿಯಲ್ಲಿ ತೋಟದ ಮನೆ. ಯಕ್ಷಗಾನ, ಅಡಿಕೆ ಕೊಯ್ಲು, ಅಂಗಳ, ಮಳೆ, ಮನೆಯವರು. ನಾನು ತೆಗೆಯುವುದು ಇವನ್ನೇ. ಕ್ಯಾಮೆರಾ 24 ಮೆಗಾಪಿಕ್ಸೆಲ್‌ನದು. ತೆಗೆದದ್ದನ್ನೆಲ್ಲ ಕಂಪ್ಯೂಟರ್‌ಗೆ ಹಾಕಿ, ಒಂದೊಂದನ್ನೂ ನೂರು ಪರ್ಸೆಂಟ್ ಜೂಮ್ ಮಾಡಿ ನೋಡಿ, ಸ್ಟಾರ್ ಕೊಟ್ಟು ವಿಂಗಡಿಸುವುದು ನನ್ನ ಕ್ರಮ. ಫೋಟೋ ತೆಗೆಯುವವರಲ್ಲಿ ಬಹಳ ಜನ ಹೀಗೇ ಮಾಡುತ್ತಾರೆ ಅಲ್ವಾ? ಆ ಕ್ರಮದಲ್ಲೇ ಏನು ತೊಂದರೆ ಇದೆ ಅಂತ ನನಗೆ ಗೊತ್ತಾಗಿದ್ದು ಈ ಪ್ರಿಂಟರ್ ಬಂದ ಮೇಲೆ.

ಮೊದಲು ಇದು ಕೆಲಸ ಮಾಡುವ ರೀತಿ ಹೇಳುತ್ತೇನೆ, ಯಾಕೆಂದರೆ ನೋಡಲು ಬಲು ಚೆಂದ. ಇದು ಇಂಕ್‌ಜೆಟ್ ಅಲ್ಲ. ಒಳಗೆ ದ್ರವದ ಇಂಕೇ ಇಲ್ಲ. ತೆಳುವಾದ ರಿಬ್ಬನ್ ಮೇಲೆ ಹಳದಿ, ಮೆಜೆಂಟಾ (ಕಡುಗುಲಾಬಿ), ಸಯಾನ್ (ಹಸಿರು ಬೆರೆತ ನೀಲಿ) ಬಣ್ಣಗಳು ಒಂದಾದ ಮೇಲೊಂದು ಪಟ್ಟಿಯಾಗಿ ಇರುತ್ತವೆ. ಪ್ರಿಂಟರ್ ಹೆಡ್ ಬಿಸಿಯಾದಾಗ ಬಣ್ಣ ರಿಬ್ಬನ್‌ನಿಂದ ಎದ್ದು ಕಾಗದಕ್ಕೆ ಇಳಿಯುತ್ತದೆ. ಬಿಸಿ ಜಾಸ್ತಿ ತಾಗಿದಲ್ಲಿ ಬಣ್ಣ ಗಾಢ, ಕಡಿಮೆ ತಾಗಿದಲ್ಲಿ ತೆಳು. ಅದಕ್ಕೇ ಎಷ್ಟು ಹತ್ತಿರ ಹಿಡಿದರೂ ಇಂಕಿನ ಚುಕ್ಕಿ ಕಾಣುವುದಿಲ್ಲ.

ಕಾಗದ ನಾಲ್ಕು ಸಲ ಒಳಗೆ ಹೋಗಿ ಹೊರಗೆ ಬರುತ್ತದೆ. ಮೊದಲು ಬರೀ ಹಳದಿ. ಏನೋ ಮಸುಕು ಮಸುಕು, ಯಾರ ಮುಖ ಅಂತ ಕೂಡ ತಿಳಿಯುವುದಿಲ್ಲ. ಎರಡನೇ ಸಲ ಮೆಜೆಂಟಾ ಸೇರಿ ಕೆಂಪು ಮೂಡುತ್ತದೆ, ಮೈಬಣ್ಣ ಬರುತ್ತದೆ. ಮೂರನೇ ಸಲ ಸಯಾನ್ ಬಿದ್ದಾಗ ಹಸಿರು, ನೀಲಿ, ಕಪ್ಪು ಎಲ್ಲ ಒಮ್ಮೆಗೇ ಕಾಣಿಸಿಕೊಂಡು ಚಿತ್ರಕ್ಕೆ ಆಳ ಸಿಗುತ್ತದೆ. ಯಕ್ಷಗಾನದ ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚಿಕೊಳ್ಳುವ ಜಾಗದಲ್ಲಿ, ವೇಷಧಾರಿ ಮೊದಲು ಮುಖಕ್ಕೆಲ್ಲ ತೆಳು ಬಣ್ಣ ಬಳಿದು, ಆಮೇಲೆ ಕೆಂಪು ಹಚ್ಚಿ, ಕೊನೆಗೆ ಕಾಡಿಗೆಯಲ್ಲಿ ಗೆರೆ ಎಳೆದಾಗ ಪಾತ್ರ ಎದ್ದು ಬರುತ್ತದಲ್ಲ, ಹಾಗೆ. ನಾಲ್ಕನೇ ಸಲ ಮೇಲೊಂದು ಪಾರದರ್ಶಕ ಪದರ. ಅದರಿಂದ ಬೆರಳ ಗುರುತು, ನೀರಿನ ಹನಿ ತಡೆಯುತ್ತದೆ. ನಮ್ಮ ಮಳೆಗಾಲಕ್ಕೆ ಅದು ಬೇಕೇ ಬೇಕು. ಇಷ್ಟಕ್ಕೆಲ್ಲ ಕಂಪನಿ ಹೇಳುವ ಸಮಯ 41 ಸೆಕೆಂಡು. ಕಾಗದದ ಎರಡೂ ತುದಿಯ ಪಟ್ಟಿಯನ್ನು ಮಡಚಿ ಹರಿದರೆ ಫೋಟೋ ಕೈಗೆ ಬಂತು.

ಈಗ ಲೆಕ್ಕಕ್ಕೆ ಬರೋಣ. 24 ಮೆಗಾಪಿಕ್ಸೆಲ್ ಅಂದರೆ 6000×4000 ಪಿಕ್ಸೆಲ್. ಇಂಚಿಗೆ ಸುಮಾರು 100 ಪಿಕ್ಸೆಲ್ ಇರುವ ಮಾನಿಟರ್‌ನಲ್ಲಿ ಅದನ್ನು ನೂರು ಪರ್ಸೆಂಟ್ ಮಾಡಿದರೆ, ಅಂದರೆ ಫೋಟೋದ ಒಂದು ಪಿಕ್ಸೆಲ್‌ಗೆ ಸ್ಕ್ರೀನ್‌ನ ಒಂದು ಪಿಕ್ಸೆಲ್ ಕೊಟ್ಟರೆ, ಐದು ಅಡಿ ಅಗಲ, ಮೂರೂ ಕಾಲು ಅಡಿಗಿಂತ ಎತ್ತರದ ಫೋಟೋವನ್ನು ಒಂದೂವರೆ ಅಡಿ ದೂರದಿಂದ ನೋಡಿದ ಹಾಗಾಯಿತು. ಅಷ್ಟು ದೊಡ್ಡ ಫೋಟೋವನ್ನು ಅಷ್ಟು ಹತ್ತಿರ ನಿಂತು ಯಾರು ನೋಡುತ್ತಾರೆ? ನಾವು ಮಾತ್ರ, ಅದೂ ನಮ್ಮ ಫೋಟೋಗಳನ್ನು ಮಾತ್ರ. ಇಡೀ ಚಿತ್ರ ಕಣ್ಣಿಗೇ ಬೀಳದೆ ಒಂದು ರೆಪ್ಪೆಯ ಅಂಚು ನೋಡಿ ತೀರ್ಪು ಕೊಡುತ್ತೇವೆ. ಈ ಪ್ರಿಂಟರ್ ಇಂಚಿಗೆ 300 ಪಿಕ್ಸೆಲ್‌ನಂತೆ ಹಾಕುತ್ತದೆ. 4×6ಕ್ಕೆ 1800×1200, ಅಂದರೆ ಎರಡು ಮೆಗಾಪಿಕ್ಸೆಲ್‌ಗಿಂತ ಚೂರು ಜಾಸ್ತಿ. ಕ್ಯಾಮೆರಾದ ಹನ್ನೊಂದು ಪಿಕ್ಸೆಲ್ ಸೇರಿ ಕಾಗದದಲ್ಲಿ ಒಂದು. ಸಣ್ಣಪುಟ್ಟ ಗಲೀಜೆಲ್ಲ ಅಲ್ಲೇ ಕರಗಿ ಹೋಗುತ್ತದೆ.

ನನ್ನ ಹತ್ತಿರ ಚೌಕಿಯಲ್ಲಿ ತೆಗೆದ ಒಂದು ಚಿತ್ರವಿದೆ. ವೇಷಧಾರಿ ನೆಲದ ಮೇಲೆ ಕೂತು, ಎಡಗೈಯಲ್ಲಿ ಪುಟ್ಟ ಕನ್ನಡಿ ಹಿಡಿದು, ಹುಬ್ಬು ತಿದ್ದಿಕೊಳ್ಳುತ್ತಿದ್ದಾರೆ. ಮೇಲೆ ಒಂದೇ ಬಲ್ಬು. ಐಎಸ್‌ಒ 6400, ಅಂದರೆ ಕಡಿಮೆ ಬೆಳಕಿಗೆ ಅಂತ ಕ್ಯಾಮೆರಾದ ಸೂಕ್ಷ್ಮತೆಯನ್ನು ಬಹಳ ಏರಿಸಿದ್ದು. ಕಂಪ್ಯೂಟರ್‌ನಲ್ಲಿ ಇದಕ್ಕೆ ಎರಡು ಸ್ಟಾರ್ ಬಿದ್ದಿತ್ತು. ಕತ್ತಲೆಯ ಭಾಗದಲ್ಲಿ ಕೆಂಪು-ಹಸಿರು ಕಾಳು ಕಾಳಾಗಿ ನಾಯ್ಸ್, ಕನ್ನಡಿಯೊಳಗಿನ ಕಣ್ಣಿಗಿಂತ ಕಿವಿಯ ಹತ್ತಿರ ಫೋಕಸ್ ಜಾಸ್ತಿ. ಅದೇ ಚಿತ್ರವನ್ನು ಪ್ರಿಂಟ್ ಹಾಕಿ ಅಡುಗೆಮನೆಯ ಕಿಟಕಿ ಬೆಳಕಿಗೆ ಹಿಡಿದೆ. ಕಾಳುಗಳು ಇಲ್ಲ. ಕಣ್ಣು ಬೇಕಾದಷ್ಟು ಸ್ಪಷ್ಟವಾಗಿದೆ. ಕೆಂಪು ಚೆನ್ನಾಗಿ ಕುದುರಿದೆ. ಎಲ್ಲಕ್ಕಿಂತ ಹೆಚ್ಚಾಗಿ, ಉಸಿರು ಬಿಗಿಹಿಡಿದು ಗೆರೆ ಎಳೆಯುವ ಆ ಬೆರಳು. ಕಡ್ಡಿಯ ತುದಿ ಚರ್ಮಕ್ಕೆ ತಾಗಿ ತಾಗದ ಹಾಗಿದೆ. ಸ್ಕ್ರೀನ್‌ನಲ್ಲಿ ಎಷ್ಟು ನೋಡಿದ್ದರೂ ಆ ಬೆರಳು ನನಗೆ ಕಂಡೇ ಇರಲಿಲ್ಲ. ಇದು ಒಳ್ಳೆಯ ಫೋಟೋ. ನಾನು ತೆಗೆದದ್ದು. ಹೀಗೆ ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ.

ಉಲ್ಟಾ ಕೂಡ ಆಗುತ್ತದೆ, ಅದನ್ನೂ ಹೇಳಬೇಕು. ಅಡಿಕೆ ಬೇಯಿಸುವ ಹಂಡೆಯಿಂದ ಹಬೆ ಏಳುತ್ತಿರುವ ಒಂದು ಚಿತ್ರ. ಹಿಂದಿನಿಂದ ಸಂಜೆ ಬಿಸಿಲು. ಮೊಬೈಲ್‌ನಲ್ಲಿ ನೋಡಿದವರೆಲ್ಲ ವಾಹ್ ಅಂದಿದ್ದರು. ನನಗೂ ಬಹಳ ಇಷ್ಟವಾಗಿತ್ತು. ಕಾಗದದ ಮೇಲೆ ಬಂದಾಗ ಹಬೆ ಬರೀ ಬಿಳಿ, ಒಳಗೆ ಏನೂ ಇಲ್ಲ. ಮೊಬೈಲ್ ಸ್ಕ್ರೀನ್ ತಾನೇ ಬೆಳಗುತ್ತದೆ, ಆದ್ದರಿಂದ ಎಲ್ಲವೂ ಫಳಫಳ ಅನ್ನುತ್ತದೆ. ಕಾಗದಕ್ಕೆ ಆ ಸವಲತ್ತಿಲ್ಲ. ಅದಕ್ಕಿಂತ ಮುಖ್ಯವಾದದ್ದು ಬಲ ಅಂಚಿನಲ್ಲಿದ್ದ ನೀಲಿ ಪ್ಲಾಸ್ಟಿಕ್ ಡ್ರಮ್. ಕಣ್ಣು ಹಂಡೆಗೆ ಹೋಗುವ ಮೊದಲೇ ಅಲ್ಲಿಗೆ ಹೋಗುತ್ತದೆ. ಒಮ್ಮೆ ಕಂಡ ಮೇಲೆ ಬೇರೇನೂ ಕಾಣುವುದಿಲ್ಲ. ಎರಡು ಹೆಜ್ಜೆ ಎಡಕ್ಕೆ ನಿಂತರೆ ಡ್ರಮ್ ಕಂಬದ ಹಿಂದೆ ಅಡಗುತ್ತದೆ. ಮುಂದಿನ ಕೊಯ್ಲಿಗೆ ನಾನು ನಿಲ್ಲುವುದು ಅಲ್ಲೇ.

ಈ ಎರಡು ಚಿತ್ರಗಳ ನಡುವೆಯೇ ನಾನು ಹೇಳಬೇಕಾದದ್ದು ಇದೆ. ನಾಯ್ಸ್ ಇದೆ, ಶಾರ್ಪ್ ಇಲ್ಲ, ಮೂಲೆ ಮಸುಕು ಅಂತ ನಮ್ಮ ಫೋಟೋಗಳನ್ನು ನಾವು ಬೈಯುವಾಗ ನಿಜಕ್ಕೂ ಬೈಯುವುದು ಕ್ಯಾಮೆರಾವನ್ನು. ಆ ಬೈಗುಳದಿಂದ ಅಂಗಡಿಯವರಿಗೆ ಲಾಭ, ನಮ್ಮ ಕಣ್ಣಿಗೆ ಏನೂ ಸಿಗುವುದಿಲ್ಲ. ಡ್ರಮ್ ಯಾಕೆ ಚೌಕಟ್ಟಿನೊಳಗೆ ಇದೆ, ಕೈ ಯಾಕೆ ಅರ್ಧಕ್ಕೆ ಕತ್ತರಿಸಿದೆ, ಇನ್ನೊಂದು ಕ್ಷಣ ಕಾಯಬಹುದಿತ್ತಾ ಅಂತ ಕೇಳಿಕೊಂಡರೆ ಅದು ನಮ್ಮ ಬಗ್ಗೆ. ಅದಕ್ಕೆ ಉತ್ತರ ಸಿಕ್ಕರೆ ಮುಂದಿನ ಚಿತ್ರ ಬದಲಾಗುತ್ತದೆ. 4×6 ಕಾಗದ ಮೊದಲ ಬಗೆಯ ದೂರನ್ನು ಬಾಯಿ ಮುಚ್ಚಿಸಿ ಎರಡನೆಯದನ್ನು ಮುಂದೆ ತರುತ್ತದೆ. ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ (1923–2009) ಅವರ ಕಪ್ಪುಬಿಳುಪು ಚಿತ್ರಗಳನ್ನು ಪುಸ್ತಕದಲ್ಲಿ ನೋಡುವಾಗ ಯಾರೂ ಭೂತಗನ್ನಡಿ ಹಿಡಿದು ಕೂರುವುದಿಲ್ಲ. ಮಕ್ಕಳು, ಬೀದಿಯ ಜನ, ದಿನದ ಬದುಕು. ಆ ಮುಖಗಳನ್ನು ನೋಡುತ್ತೇವೆ, ಅಷ್ಟೇ. ಅದೇ ಕಣ್ಣಿನಿಂದ ನಮ್ಮ ಚಿತ್ರಗಳನ್ನೂ ನೋಡಿದರೆ ತಪ್ಪೇನು?

ನಾನು ಬಳಸುವ ರೀತಿ ಹೀಗೆ. ಪ್ರಿಂಟರ್‌ನ ಟ್ರೇಯಲ್ಲಿ ಒಂದು ಸಲಕ್ಕೆ 18 ಹಾಳೆ ಹಿಡಿಸುತ್ತದೆ. ತಿಂಗಳಿಗೆ ಅಷ್ಟೇ ಅಂತ ಕಟ್ಟು ಹಾಕಿಕೊಂಡಿದ್ದೇನೆ. ನೂರಾರು ಚಿತ್ರಗಳಿಂದ 18 ಆರಿಸುವಾಗಲೇ ಅರ್ಧ ವಿಮರ್ಶೆ ಮುಗಿದಿರುತ್ತದೆ. ಬಂದ ಪ್ರಿಂಟ್‌ಗಳನ್ನು ನಡುಮನೆಯ ಬೀರು ಬಾಗಿಲಿಗೆ ಮ್ಯಾಗ್ನೆಟ್ ಹಾಕಿ ಅಂಟಿಸುತ್ತೇನೆ. ದಿನಾ ಹೋಗ್ತಾ ಬರ್ತಾ ಕಣ್ಣಿಗೆ ಬೀಳುತ್ತವೆ. ಕೆಲವು ಒಂದು ವಾರಕ್ಕೇ ಸಪ್ಪೆ ಅನ್ನಿಸುತ್ತವೆ, ತೆಗೆದು ಡಬ್ಬಿಗೆ ಹಾಕುತ್ತೇನೆ. ಕೆಲವು ಉಳಿಯುತ್ತವೆ. ತೆಗೆದ ದಿನದ ಖುಷಿ, ಪಟ್ಟ ಕಷ್ಟ ಎರಡೂ ಮರೆತ ಮೇಲೂ ಚಿತ್ರ ತಾನಾಗಿ ನಿಂತರೆ ಆಗ ಐದು ಸ್ಟಾರ್.

ಅತ್ತೆಯವರು ಒಂದು ದಿನ ಬೀರು ಮುಂದೆ ನಿಂತು, "ಈ ಪಟ ಚೊಲೋ ಇದ್ದು" ಅಂತ ಒಂದನ್ನು ತೋರಿಸಿದರು. ಅಟ್ಟದ ಮೇಲೆ ಒಣಗುತ್ತಿರುವ ಅಡಿಕೆಯನ್ನು ಮಾವ ಕೈಯಾಡಿಸುತ್ತಿರುವುದು. ಹೊಗೆ ಹಿಡಿದ ತೊಲೆ, ಮಾವನ ಬೆನ್ನು, ಮುಖ ಕಾಣುವುದೇ ಇಲ್ಲ. ಯಾಕೆ ಇಷ್ಟ ಅಂತ ಕೇಳಿದೆ. ಬೆನ್ನು ನೋಡಿದರೇ ಅವರು ಅಂತ ಗೊತ್ತಾಗುತ್ತದೆ ಅಂದರು. ಸಲಾನ್ ಅನ್ನುವ ಫೋಟೋ ಸ್ಪರ್ಧೆಗಳಿಗೆ ಕಳಿಸಿ, ತೀರ್ಪುಗಾರರ ಅಂಕ ನೋಡಿ ಕಲಿಯುವವರನ್ನು ನಾನು ಗೌರವಿಸುತ್ತೇನೆ. ಅದೊಂದು ಒಳ್ಳೆಯ ಶಾಲೆ. ಆದರೆ ಈ ಮಾತು ಯಾವ ಅಂಕಪಟ್ಟಿಯಲ್ಲೂ ಸಿಗುವುದಿಲ್ಲ. ಪ್ರಿಂಟ್ ಬೀರು ಮೇಲೆ ಇದ್ದದ್ದಕ್ಕೇ ಸಿಕ್ಕಿತು. ಫೋನಿನ ಗ್ಯಾಲರಿ ತೆರೆದು ಅತ್ತೆ ನೋಡುತ್ತಿರಲಿಲ್ಲ.

ಇನ್ನು ಕೊರತೆಗಳು. ಒಂದು ಪ್ರಿಂಟ್‌ಗೆ ಬೀಳುವ ಖರ್ಚು ಲ್ಯಾಬ್‌ಗಿಂತ ಜಾಸ್ತಿ. ಕಾಗದ ಮತ್ತು ರಿಬ್ಬನ್ ಸೇರಿದ 108ರ ಪ್ಯಾಕ್ ಬರುತ್ತದೆ, ಅದರ ಬೆಲೆಯನ್ನು 108ರಿಂದ ಭಾಗಿಸಿ ನೀವೇ ನೋಡಿ. ಇದರಲ್ಲಿ ಒಂದು ಅನುಕೂಲವೂ ಇದೆ. ಇಂಕ್ ಎಷ್ಟು ಉಳಿದಿದೆ ಅನ್ನುವ ತಲೆಬಿಸಿಯೇ ಇಲ್ಲ, ಹಾಳೆ ಎಷ್ಟೋ ಬಣ್ಣವೂ ಅಷ್ಟೇ. ತಿಂಗಳುಗಟ್ಟಲೆ ಬಳಸದೆ ಬಿಟ್ಟರೂ ಇಂಕ್‌ಜೆಟ್‌ನಂತೆ ನಳಿಕೆ ಒಣಗಿ ಕಟ್ಟಿಕೊಳ್ಳುವ ಭಯವಿಲ್ಲ. ನನ್ನ ಹಾಗೆ ಅಪರೂಪಕ್ಕೆ ಬಳಸುವವರಿಗೆ ಇದು ದೊಡ್ಡ ವಿಷಯ.

ಕಪ್ಪುಬಿಳುಪು ಪ್ರಿಂಟ್ ಹಾಕುವವರು ಸ್ವಲ್ಪ ಯೋಚಿಸಿ. ಕಪ್ಪು ಬಣ್ಣದ ಪಟ್ಟಿಯೇ ಇಲ್ಲ, ಮೂರು ಬಣ್ಣ ಸೇರಿಯೇ ಕಪ್ಪಾಗಬೇಕು. ಹಾಗಾಗಿ ಬೂದು ಭಾಗಗಳಲ್ಲಿ ಎಲ್ಲೋ ಒಂಚೂರು ಬಣ್ಣದ ಛಾಯೆ ಕಾಣಬಹುದು. ಮೊಬೈಲ್ ಚಿತ್ರಗಳು ಸಾಮಾನ್ಯವಾಗಿ 4:3 ಅಳತೆಯವು, ಅಡ್ಡ ಹಿಡಿದು ತೆಗೆದದ್ದನ್ನು ಅಂಚಿಲ್ಲದೆ ಹಾಕಿದರೆ ಮೇಲೆ ಕೆಳಗೆ ಕತ್ತರಿಸುತ್ತದೆ. ತಲೆ ಹೋಯಿತು, ಕಾಲು ಹೋಯಿತು ಅನ್ನುವ ಮೊದಲು ಬಿಳಿ ಅಂಚು ಇಟ್ಟು ಹಾಕಿ. ಸ್ಕ್ರೀನ್ ಬೆಳಕು ಪೂರ್ತಿ ಏರಿಸಿಕೊಂಡು ಎಡಿಟ್ ಮಾಡಿದರೆ ಪ್ರಿಂಟ್ ಕಪ್ಪಾಗಿ ಬಂದ ಹಾಗೆ ಅನ್ನಿಸುತ್ತದೆ. ಬೆಳಕು ಇಳಿಸಿಕೊಂಡು ಎಡಿಟ್ ಮಾಡಿ. ಹಾಳೆಯ ಹೊಳೆಯುವ ಬದಿಯನ್ನು ಮುಟ್ಟಬೇಡಿ. ಧೂಳಿನ ಕಣ ಕೂತರೆ ಅಲ್ಲಿ ಬಿಳಿ ಚುಕ್ಕೆ ಗ್ಯಾರಂಟಿ. ಪ್ರಿಂಟರ್ ಹಿಂದೆ ಜಾಗ ಬಿಡಿ, ಕಾಗದ ಹಿಂಬದಿಯಿಂದಲೂ ಹೊರಗೆ ಬರುತ್ತದೆ. ಕರೆಂಟ್ ಹೋದರೆ ಕೆಲಸ ನಿಂತಿತು. ಬ್ಯಾಟರಿ ಬೇಕಾದರೆ ಬೇರೆ ಕೊಳ್ಳಬೇಕು.

ಮುಗಿದ ರಿಬ್ಬನ್ ಬಗ್ಗೆ ಒಂದು ಮಾತು. ಅದನ್ನು ಬಿಚ್ಚಿ ಬೆಳಕಿಗೆ ಹಿಡಿದರೆ ನೀವು ಹಾಕಿದ ಪ್ರತಿ ಚಿತ್ರವೂ ಹಳದಿಯಲ್ಲಿ, ಮೆಜೆಂಟಾದಲ್ಲಿ, ಸಯಾನ್‌ನಲ್ಲಿ ನೆಗೆಟಿವ್ ಆಗಿ ಕಾಣುತ್ತದೆ. ಮನೆಯವರ ಫೋಟೋ ಇದ್ದರೆ ಹಾಗೇ ಕಸಕ್ಕೆ ಹಾಕಬೇಡಿ, ಕತ್ತರಿಸಿ ಹಾಕಿ. ನಾನಂತೂ ಎಸೆಯುವ ಮೊದಲು ಒಮ್ಮೆ ಬಿಚ್ಚಿ ನೋಡುತ್ತೇನೆ. ಹಂಡೆಯ ಚಿತ್ರದಲ್ಲಿ ಆ ಡ್ರಮ್ ಎಷ್ಟು ಜಾಗ ತಿಂದಿದೆ ಅನ್ನುವುದು ಸಯಾನ್ ಪಟ್ಟಿಯಲ್ಲಿ ಇನ್ನೂ ಚೆನ್ನಾಗಿ ಗೊತ್ತಾಯಿತು.

ಮದುವೆ ಆಲ್ಬಮ್ ಮಾಡುವವರಿಗೆ, ಗೋಡೆಗೆ ದೊಡ್ಡ ಫ್ರೇಮ್ ಬೇಕಾದವರಿಗೆ ನಾನು ಇದನ್ನು ಹೇಳುವುದಿಲ್ಲ. ತನ್ನ ಚಿತ್ರಗಳನ್ನು ತಾನೇ ಸರಿಯಾಗಿ ನೋಡಬೇಕು ಅನ್ನುವವರಿಗೆ ಖಂಡಿತ ಹೇಳುತ್ತೇನೆ. ಅನುಮಾನವಿದ್ದರೆ ಸುಮ್ನೆ ಕೊಳ್ಳಬೇಡಿ. ಮೊದಲು ನೀವು ಸ್ಕ್ರೀನ್‌ನಲ್ಲಿ ತಳ್ಳಿಹಾಕಿದ ಕೆಲವು, ಮೆಚ್ಚಿಕೊಂಡ ಕೆಲವು, ಎರಡನ್ನೂ ಆರಿಸಿ ಹತ್ತಿರದ ಲ್ಯಾಬ್‌ನಲ್ಲಿ 4×6 ಹಾಕಿಸಿ. ಒಂದು ವಾರ ಕಣ್ಣೆದುರು ಇಟ್ಟುಕೊಳ್ಳಿ. ನಿಮ್ಮ ಸ್ಟಾರ್‌ಗಳು ಅದಲು ಬದಲಾದರೆ ಈ ಪ್ರಿಂಟರ್ ನಿಮ್ಮ ಮನೆಗೆ ಬರಬೇಕಾದ್ದೇ. ನನ್ನ ಕಡೆಯಿಂದ ಐದಕ್ಕೆ ನಾಲ್ಕೂವರೆ. ಅರ್ಧ ಕಳೆದದ್ದು ಆ ಖರ್ಚಿಗೆ.