ಆರು ವರ್ಷ, 640 ಗಂಟೆ: ನನ್ನ ಕಿಟ್ ವಿಮಾನಕ್ಕೆ ಹಾಕಿದ್ದು, ಉಳಿಸ್ಕೊಂಡಿದ್ದು, ಕಿತ್ತಿಟ್ಟಿದ್ದು

ನಂದು ಎರಡು ಸೀಟಿನ ಹೈ ವಿಂಗ್ ಅಲ್ಯುಮಿನಿಯಂ ಕಿಟ್ ವಿಮಾನ, ಇಂಜಿನ್ ರೋಟ್ಯಾಕ್ಸ್ 912 ಯುಎಲ್ಎಸ್, 100 ಎಚ್‌ಪಿ. ನಾನೇ ರಿವೆಟ್ ಹೊಡ್ದು ಕಟ್ಟಿದ್ದು. ಹಾರೋಕೆ ಶುರು ಮಾಡಿ ಆರು ವರ್ಷ ಆಯ್ತು, 640 ಗಂಟೆ ದಾಟಿದೆ. ಕಿಟ್ ಜೊತೆ ಬರದೇ ಇರೋ, ಹೊರಗಿನ ಕಂಪನಿಗಳು ಮಾಡೋ ಪಾರ್ಟುಗಳನ್ನ ಈ ಆರು ವರ್ಷದಲ್ಲಿ ಒಂದು ಹದಿನೈದು ಹಾಕಿದೀನಿ, ಅದ್ರಲ್ಲಿ ನಾಲ್ಕನ್ನ ವಾಪಸ್ ಕಿತ್ತಿದೀನಿ. ಹಾಕಿದ ವಾರದಲ್ಲಿ ಎಲ್ಲಾನೂ ಚೆನ್ನಾಗೇ ಅನ್ಸುತ್ತೆ, ಆ ಖುಷಿಲಿ ಯಾರೋ ಬರೆದಿದ್ದನ್ನ ಓದಿ ನಾನೂ ಕೆಲವು ತಗೊಂಡೆ, ಆದ್ರೆ ಇನ್ನೂರು ಮುನ್ನೂರು ಗಂಟೆ ಆದ್ಮೇಲೆ ಅದು ಹೇಗಿದೆ ಅಂತ ಬರೆಯೋರು ಕಮ್ಮಿ, ಅದಕ್ಕೇ ಇಷ್ಟುದ್ದ ಬರೀತಿದೀನಿ.

ಮೊದಲು ತೂಕದ ಮಾತು. ಗರಿಷ್ಠ ಟೇಕಾಫ್ ತೂಕ 600 ಕೆಜಿ. ಕಟ್ಟಿ ಮುಗಿಸಿ ತೂಗಿದಾಗ ಖಾಲಿ ತೂಕ 338 ಕೆಜಿ ಬಂದಿತ್ತು. 75 ಲೀಟರ್ ಪೆಟ್ರೋಲ್ ಅಂದ್ರೆ ಸುಮಾರು 54 ಕೆಜಿ, ಕೂರೋ ಇಬ್ರು ಸೇರಿ 160, ಹಾಗಾಗಿ ಇನ್ನೂ 48 ಕೆಜಿ ಕೈಯಲ್ಲಿತ್ತು. ಮೂರನೇ ವರ್ಷ ಮತ್ತೆ ತೂಗಿದ್ರೆ ಖಾಲಿ ತೂಕ 351! ದೊಡ್ಡದು ಏನೂ ಹಾಕಿರ್ಲಿಲ್ಲ, ಅರ್ಧ ಕೆಜಿ, ಮುನ್ನೂರು ಗ್ರಾಂ, ಅದಕ್ಕೊಂದು ಬ್ರಾಕೆಟ್, ಅದಕ್ಕೆ ವೈರು, ಹನಿ ಹನಿ ಗೂಡಿ ಹಳ್ಳ ಅಂತಾರಲ್ಲ ಹಾಗೇ ಹದಿಮೂರು ಕೆಜಿ ಸೇರ್ಕೊಂಡಿತ್ತು. ಆವತ್ತಿಂದ ಒಂದು ಸಣ್ಣ ಡಿಜಿಟಲ್ ತಕ್ಕಡಿ ಇಟ್ಕೊಂಡಿದೀನಿ, ಬೋಲ್ಟು ನಟ್ಟು ವೈರು ಸಮೇತ ತೂಗದೇ ಯಾವ ಪಾರ್ಟನ್ನೂ ವಿಮಾನಕ್ಕೆ ಹಾಕಲ್ಲ. ಡಬ್ಬಿ ಮೇಲೆ ಬರೆದಿರೋ ತೂಕಕ್ಕೂ ಎಲ್ಲಾ ಸೇರಿ ನಿಜವಾಗ್ಲೂ ಬರೋ ತೂಕಕ್ಕೂ ತುಂಬಾ ವ್ಯತ್ಯಾಸ ಇರುತ್ತೆ.

ಆ ಹದಿಮೂರು ಕೆಜಿ ನೋಡಿ ಗಾಬರಿಯಾಗಿ ಮಾಡಿದ ಮೊದಲ ಕೆಲಸ ಲಿಥಿಯಂ ಬ್ಯಾಟರಿ. ಹಳೇ ಲೆಡ್ ಆಸಿಡ್ ತೆಗೆದು ಲಿಥಿಯಂ ಐರನ್ ಫಾಸ್ಫೇಟ್ ಹಾಕ್ದೆ, ಒಂದೇ ಏಟಿಗೆ 4 ಕೆಜಿ ಕಡಿಮೆ ಆಯ್ತು, ಸ್ಟಾರ್ಟರ್ ತಿರುಗೋ ಜೋರೇ ಬೇರೆ ಆಯ್ತು. ಇಲ್ಲಿ ಎರಡು ವಿಷಯ ಗಮನಿಸಿ. ಒಂದು, ಬ್ಯಾಟರಿ ಇದ್ದಿದ್ದು ಫೈರ್‌ವಾಲ್ (ಇಂಜಿನ್‌ಗೂ ಕ್ಯಾಬಿನ್‌ಗೂ ಮಧ್ಯದ ಗೋಡೆ) ಮೇಲೆ, ಅಂದ್ರೆ ಗುರುತ್ವ ಕೇಂದ್ರಕ್ಕಿಂತ ಸುಮಾರು 1.3 ಮೀಟರ್ ಮುಂದೆ, ಅಲ್ಲಿಂದ 4 ಕೆಜಿ ತೆಗೆದ್ರೆ ಖಾಲಿ ವಿಮಾನದ ಗುರುತ್ವ ಕೇಂದ್ರ ಒಂದೂವರೆ ಸೆಂಟಿಮೀಟರ್ ಹಿಂದಕ್ಕೆ ಹೋಗುತ್ತೆ. ನೋಡೋಕೆ ಸಣ್ಣ ಸಂಖ್ಯೆ, ಆದ್ರೆ ಹಿಂದೆ ಸಾಮಾನು ತುಂಬಿದ ದಿನ ಟ್ರಿಮ್ (ಸ್ಟಿಕ್ ಒತ್ತಿ ಹಿಡೀದೇ ವಿಮಾನ ನೆಟ್ಟಗೆ ಹಾರೋ ಹೊಂದಾಣಿಕೆ) ಬೇರೇನೇ ಆಗಿತ್ತು, ಸ್ಟಿಕ್ ತುಂಬಾ ಹಗುರ ಅನ್ನಿಸ್ತು. ಲೆಕ್ಕ ಹೊಸದಾಗಿ ಮಾಡಿ, ಹಿಂದಿನ ಸಾಮಾನಿನ ಮಿತಿ ಇಳಿಸ್ಕೊಂಡೆ.

ಎರಡನೇದು ಇದಕ್ಕಿಂತ ಮುಖ್ಯ. ಲಿಥಿಯಂ ಬ್ಯಾಟರಿ ಇಂಜಿನ್ ಸ್ಟಾರ್ಟ್ ಆದ ಕೂಡ್ಲೇ ಕೊಟ್ಟಷ್ಟೂ ಕರೆಂಟ್ ಕುಡಿಯುತ್ತೆ, ಲೆಡ್ ಬ್ಯಾಟರಿ ತರ ನಿಧಾನಕ್ಕೆ ಅಲ್ಲ. ಈ ಇಂಜಿನ್ ಒಳಗಿನ ಜನರೇಟರ್ ಕೊಡೋದೇ 250 ವ್ಯಾಟ್, ಅಂದ್ರೆ 18 ಆಂಪ್ ಹತ್ರ, ಅದಷ್ಟೂ ರೆಗ್ಯುಲೇಟರ್ (ವೋಲ್ಟೇಜ್ ಹದದಲ್ಲಿಡೋ ಡಬ್ಬಿ) ಮೂಲಕನೇ ಹೋಗ್ಬೇಕು. ನಾನು ರೆಗ್ಯುಲೇಟರ್‌ನ ಎಕ್ಸಾಸ್ಟ್ ಪೈಪಿನ ಬಿಸಿ ಬಡಿಯೋ ಜಾಗದಲ್ಲಿ ಕೂರಿಸಿದ್ದೆ, ಲೆಡ್ ಬ್ಯಾಟರಿ ಇದ್ದಷ್ಟು ದಿನ ಹೇಗೋ ನಡೀತು. ಲಿಥಿಯಂ ಹಾಕಿ 40 ಗಂಟೆಗೆ ಒಂದಿನ ಹಾರಾಟದ ಮಧ್ಯೆ ವೋಲ್ಟೇಜ್ 13.9 ಇಂದ 12.8ಕ್ಕೆ ಇಳೀತು, ಆಮೇಲೆ ಮೇಲೇಳ್ಲೇ ಇಲ್ಲ. ಇಗ್ನಿಷನ್‌ಗೆ ಬೇರೆ ಕಾಯಿಲ್ ಇರೋದ್ರಿಂದ ಇಂಜಿನ್ ನಿಲ್ಲಲ್ಲ, ಬೇಡದ ಸ್ವಿಚ್ಚೆಲ್ಲ ಆಫ್ ಮಾಡಿ ಆರಾಮಾಗೇ ಇಳಿದೆ, ಆದ್ರೂ ಆ ಇಪ್ಪತ್ತು ನಿಮಿಷ ಮರೆಯೋಕಾಗಲ್ಲ. ಬಿಚ್ಚಿ ನೋಡಿದ್ರೆ ಕನೆಕ್ಟರಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು. ಹೊಸ ರೆಗ್ಯುಲೇಟರ್‌ನ ಬಿಸಿ ಕಮ್ಮಿ ಇರೋ ಕಡೆ, ದಪ್ಪ ಅಲ್ಯುಮಿನಿಯಂ ಪ್ಲೇಟ್ ಮೇಲೆ ಕೂರಿಸಿ, ಕೌಲಿಂಗ್ (ಇಂಜಿನ್ ಮುಚ್ಚೋ ಹೊದಿಕೆ) ಮುಂಭಾಗದಿಂದ ಒಂದು ಇಂಚಿನ ಪೈಪಲ್ಲಿ ತಂಗಾಳಿ ಬರೋ ಹಾಗೆ ಮಾಡ್ದೆ. ಪೈಪು, ಪ್ಲೇಟು, ಕ್ಲಾಂಪು ಸೇರಿ 180 ಗ್ರಾಂ. ಈಗ 300 ಗಂಟೆ ಆಯ್ತು, ವೋಲ್ಟೇಜ್ ಅಲುಗಾಡಿಲ್ಲ. ಇಡೀ ವಿಮಾನದಲ್ಲಿ ಗ್ರಾಂಗೆ ತಕ್ಕ ಕೆಲಸ ಅತಿ ಹೆಚ್ಚು ಮಾಡ್ತಿರೋದು ಯಾವ್ದು ಅಂತ ಕೇಳಿದ್ರೆ ಈ ಪೈಪ್ ಅಂತೀನಿ, ಯಾರೂ ಇದರ ಫೋಟೋ ಹಾಕಲ್ಲ ನೋಡಿ.

ಸಾಫ್ಟ್ ಸ್ಟಾರ್ಟ್ ಮಾಡ್ಯೂಲ್ (ಸ್ಟಾರ್ಟ್ ಮಾಡುವಾಗ ಕಿಡಿನ ತಡ ಮಾಡೋ ಡಬ್ಬಿ) ಬಗ್ಗೆನೂ ಹೇಳ್ಬೇಕು. ಈ ಇಂಜಿನ್ ಓಡ್ತಿರೋವಾಗ ಪಿಸ್ಟನ್ ಪೂರ್ತಿ ಮೇಲಕ್ಕೆ ಬರೋಕೆ 26 ಡಿಗ್ರಿ ಮುಂಚೆ ಕಿಡಿ ಬೀಳುತ್ತೆ, ಸ್ಟಾರ್ಟ್ ಮಾಡುವಾಗ ತಡವಾಗಿ ಬೀಳ್ಬೇಕು. ಚಳಿಗೆ ಬ್ಯಾಟರಿ ಸೋತಿದ್ದು ಇಂಜಿನ್ ನಿಧಾನಕ್ಕೆ ತಿರುಗಿದ್ರೆ ಪಿಸ್ಟನ್ ಪೂರ್ತಿ ಮೇಲೇರೋ ಮುಂಚೇನೇ ಬೆಂಕಿ ಹತ್ಕೊಂಡು ಅದನ್ನ ವಾಪಸ್ ತಳ್ಳುತ್ತೆ, ಠಣ್ ಅಂತ ಒಂದು ಶಬ್ದ ಬರುತ್ತೆ, ಆ ಏಟೆಲ್ಲ ಗೇರ್‌ಬಾಕ್ಸ್‌ಗೆ, ಸ್ಟಾರ್ಟರಿನ ಸ್ಪ್ರ್ಯಾಗ್ ಕ್ಲಚ್‌ಗೆ (ಒಂದೇ ದಿಕ್ಕಿಗೆ ಹಿಡಿಯೋ ಕ್ಲಚ್) ಬೀಳೋದು. ಹೊಸ ಇಂಜಿನ್‌ಗಳಲ್ಲಿ ಸಾಫ್ಟ್ ಸ್ಟಾರ್ಟ್ ಜೊತೆಗೇ ಬರುತ್ತೆ, ನಂದು ಹಳೇದನ್ನ ತಗೊಂಡಿದ್ದು, ಹಾಗಾಗಿ ಆಮೇಲೆ ಹಾಕಿಸ್ದೆ. ಸ್ಟಾರ್ಟ್ ಮಾಡುವಾಗಿನ ಮತ್ತೆ ಆಫ್ ಮಾಡುವಾಗಿನ ಆ ಒದೆತ ಹೋಯ್ತು. ಹಳೇ ಇಂಜಿನ್ ಇರೋರು ಸ್ಕ್ರೀನ್ ಗೀನ್ ಎಲ್ಲಾ ಆಮೇಲೆ ನೋಡಿ, ಮೊದಲು ಇದು.

ಪ್ರೊಪೆಲ್ಲರ್ ವಿಷ್ಯಕ್ಕೆ ಬಂದ್ರೆ ನಾನು ಅತಿ ಹೆಚ್ಚು ಕಲಿತಿದ್ದು ಅದ್ರಲ್ಲೇ. ಮೊದಲು ಎರಡು ಬ್ಲೇಡಿನ ಮರದ್ದಿತ್ತು, ಅದನ್ನ ತೆಗೆದು ಮೂರು ಬ್ಲೇಡಿನ ಕಾಂಪೊಸಿಟ್, ನೆಲದ ಮೇಲೆ ಪಿಚ್ (ಬ್ಲೇಡಿನ ಓರೆ ಕೋನ) ಅಡ್ಜಸ್ಟ್ ಮಾಡೋ ತರದ್ದು ಹಾಕ್ದೆ. ತಗೊಳೋ ಮುಂಚೆ ಒಂದು ಸಂಖ್ಯೆ ನೋಡ್ಲೇಬೇಕು, ಈ ಗೇರ್‌ಬಾಕ್ಸ್‌ಗೆ ಪ್ರೊಪೆಲ್ಲರಿನ ಜಡತ್ವ (ತಿರುಗೋ ವೇಗ ಬದಲಾಗೋದನ್ನ ತಡೆಯೋ ಗುಣ) 6000 ಕೆಜಿ ಚದರ ಸೆಂಟಿಮೀಟರ್ ದಾಟಬಾರ್ದು. ಬ್ಲೇಡ್ ಭಾರ ತುದಿ ಕಡೆ ಇದ್ದಷ್ಟೂ ಈ ಸಂಖ್ಯೆ ಏರುತ್ತೆ, ಬರೀ ಒಟ್ಟು ತೂಕ ನೋಡಿ ಹಗುರ ಅಂತ ತೀರ್ಮಾನ ಮಾಡ್ಬೇಡಿ, ಮಾರೋರ ಹತ್ರ ಈ ಸಂಖ್ಯೆ ಬರವಣಿಗೆಲಿ ಕೇಳಿ.

ಮೊದಲ ಸಲ ಪಿಚ್ ಜಾಸ್ತಿ ಇಟ್ಬಿಟ್ಟೆ, ಕ್ರೂಸ್ ಸ್ಪೀಡ್ ಬರ್ಲಿ ಅಂತ. ಸ್ಪೀಡೇನೋ ಬಂತು, ಆದ್ರೆ ಲೆವೆಲ್ ಆಗಿ ಹಾರ್ತಾ ಥ್ರಾಟಲ್ ಪೂರ್ತಿ ಕೊಟ್ರೂ 5050 ಆರ್‌ಪಿಎಂ ದಾಟ್ಲಿಲ್ಲ, ಕ್ಲೈಂಬ್‌ನಲ್ಲಿ ಇನ್ನೂ ಕಮ್ಮಿ. 5200ಕ್ಕಿಂತ ಕೆಳಗೆ ಫುಲ್ ಥ್ರಾಟಲ್‌ನಲ್ಲಿ ಈ ಇಂಜಿನ್ ಓಡಿಸ್ಬಾರ್ದು, ಲೋಡೆಲ್ಲ ಬೇರಿಂಗ್ ಮೇಲೆ ಬೀಳುತ್ತೆ, ನಾಕಿಂಗ್ ಆಗೋ ಸಾಧ್ಯತೆ ಇರುತ್ತೆ, ಎತ್ತಿಗೆ ಶಕ್ತಿ ಮೀರಿ ಗಾಡಿ ತುಂಬಿದ ಹಾಗೆ. ಅರ್ಧರ್ಧ ಡಿಗ್ರಿ ಇಳಿಸ್ತಾ ಬಂದು, ನಾಲ್ಕು ಸಲ ಹಾರಿ ನೋಡಿ, ಕೊನೆಗೆ ಲೆವೆಲ್ ಫ್ಲೈಟಲ್ಲಿ ಫುಲ್ ಥ್ರಾಟಲ್‌ಗೆ 5600 ಬರೋ ಕಡೆ ನಿಲ್ಲಿಸ್ದೆ, ಗೇರ್ ಅನುಪಾತ 2.43 ಆಗಿರೋದ್ರಿಂದ ಪ್ರೊಪೆಲ್ಲರ್ ತಿರುಗೋದು 2300 ಹತ್ರ. 5500 ವರೆಗೆ ಎಷ್ಟೊತ್ತು ಬೇಕಾದ್ರೂ ಓಡಿಸ್ಬಹುದು, ಅದ್ರ ಮೇಲೆ 5800 ತನಕ ಐದೇ ನಿಮಿಷ, ಹಾಗಾಗಿ ಈ ಸೆಟ್ಟಿಂಗ್ ನಂಗೆ ಸರಿಯಾಗಿ ಕೂತಿದೆ. ಕ್ಲೈಂಬ್ ಮರದ ಪ್ರೊಪೆಲ್ಲರ್‌ಗಿಂತ ಚೆನ್ನಾಗಿದೆ, ಕ್ರೂಸ್‌ನಲ್ಲಿ ಒಂದು ನಾಟ್ ಕಮ್ಮಿ, ನಂಗೆ ಬೇಜಾರಿಲ್ಲ.

ಹಾಕಿದ ಮೇಲೆ ಡೈನಮಿಕ್ ಬ್ಯಾಲೆನ್ಸ್ ಮಾಡಿಸಿ ಪ್ಲೀಸ್. ಕೈಗೆ ನಂಗೇನೂ ಅಲುಗಾಟ ಗೊತ್ತಾಗ್ತಿರ್ಲಿಲ್ಲ, ಮೆಷಿನ್ ಇಟ್ಟು ಅಳೆದ್ರೆ ಅಲುಗಾಟದ ವೇಗ ಸೆಕೆಂಡಿಗೆ 0.31 ಇಂಚು ಬಂತು, ಸ್ಪಿನ್ನರ್ ಪ್ಲೇಟಿಗೆ ಎರಡು ವಾಷರ್ ಸೇರಿಸಿದ್ಮೇಲೆ 0.05. ಎರಡು ವಾಷರ್ ಅಷ್ಟೇ! ಆಮೇಲೆ ಕಾರ್ಬ್ಯುರೇಟರ್ (ಕಾರ್ಬ್) ಒಳಗೆ ಪೆಟ್ರೋಲ್ ಮಟ್ಟ ನೋಡ್ಕೊಳೋ ಫ್ಲೋಟ್ ಸವೆಯೋದು ಕಮ್ಮಿ ಆಯ್ತು, ಕೌಲಿಂಗ್ ಸ್ಕ್ರೂ ತೂತಿನ ಸುತ್ತ ಬಿರುಕು ಬಿಡ್ತಿದ್ದಿದ್ದೂ ನಿಂತುಹೋಯ್ತು. ಅಂದ ಹಾಗೆ ಫ್ಲೋಟ್ ವಿಷಯ ಬಂತಲ್ಲ, ಒಂದು ಕಾರ್ಬಿನ ಎರಡು ಫ್ಲೋಟ್ ಸೇರಿ 7 ಗ್ರಾಂ ದಾಟಿದ್ರೆ ಅವು ಪೆಟ್ರೋಲ್ ಕುಡಿದಿವೆ ಅಂತ ಅರ್ಥ, ಬದಲಾಯಿಸ್ಬೇಕು. ಆ ಸಣ್ಣ ತಕ್ಕಡಿ ಇದಕ್ಕೂ ಬೇಕು.

ವೋರ್ಟೆಕ್ಸ್ ಜನರೇಟರ್ಸ್, ರೆಕ್ಕೆ ಮುಂದಂಚಿನ ಹತ್ರ ಅಂಟಿಸೋ ಸಣ್ಣ ಸಣ್ಣ ರೆಕ್ಕೆಗಳು. ಮೇಲಿನ ವೇಗದ ಗಾಳಿನ ಕೆಳಗಿನ ಸುಸ್ತಾದ ಪದರದೊಳಗೆ ಸುತ್ತಿಸಿ ಬೆರೆಸ್ತವೆ, ಹಾಗಾಗಿ ಗಾಳಿ ರೆಕ್ಕೆ ಬಿಟ್ಟು ಏಳೋದು ತಡ ಆಗುತ್ತೆ. ಸ್ಟಾಲ್ ಸ್ಪೀಡ್ (ಇದಕ್ಕಿಂತ ನಿಧಾನ ಆದ್ರೆ ರೆಕ್ಕೆ ವಿಮಾನನ ಎತ್ತಿ ಹಿಡಿಯಲ್ಲ) ಮೀಟರಲ್ಲಿ 39 ಇದ್ದಿದ್ದು 35 ನಾಟ್ ಆಯ್ತು, ತುಂಬಾ ಖುಷಿ ಪಟ್ಟೆ. ಆಮೇಲೆ ಜಿಪಿಎಸ್ ಇಟ್ಟು ನಾಲ್ಕೂ ದಿಕ್ಕಿಗೆ ಹಾರಿ ಸರಾಸರಿ ತೆಗೆದ್ರೆ ನಿಜವಾದ ಇಳಿಕೆ ಎರಡೂವರೆ ನಾಟ್ ಅಷ್ಟೇ, ಮೂಗು ಅಷ್ಟು ಮೇಲೆದ್ದಾಗ ಪಿಟೋಗೆ (ಸ್ಪೀಡ್ ಅಳೆಯೋ ಕೊಳವೆ) ಗಾಳಿ ಓರೆಯಾಗಿ ಬಡಿಯೋದ್ರಿಂದ ಮೀಟರ್ ಕಮ್ಮಿ ತೋರಿಸ್ತಿತ್ತು. ಹಂಗಂತ ಉಪಯೋಗ ಇಲ್ಲ ಅಂತಲ್ಲ, ಸ್ಟಾಲ್ ಹತ್ರ ಏಲೆರಾನ್ (ವಿಮಾನನ ಪಕ್ಕಕ್ಕೆ ವಾಲಿಸೋ ರೆಕ್ಕೆ ತುದಿಯ ಪಟ್ಟಿ) ಕೈಗೆ ಸಿಗೋ ರೀತಿ ತುಂಬಾ ಸುಧಾರಿಸಿದೆ, ಅದೊಂದಕ್ಕೇ ಇಟ್ಕೊಂಡಿದೀನಿ. ತೊಂದರೆ ಅಂದ್ರೆ ರೆಕ್ಕೆ ತೊಳೆಯೋದು, ಬಟ್ಟೆ ಸಿಕ್ಕಾಕೊಳುತ್ತೆ, ಆರು ವರ್ಷದಲ್ಲಿ ಒಂಬತ್ತು ಉದುರಿವೆ. ಸ್ಟಾಲ್ ಮುನ್ಸೂಚನೆ ಬರೋ ಸ್ಪೀಡೂ ಬದಲಾಗುತ್ತೆ, ಎತ್ತರಕ್ಕೆ ಹೋಗಿ ಮತ್ತೆ ಪರೀಕ್ಷೆ ಮಾಡದೇ ಲ್ಯಾಂಡಿಂಗ್ ಸ್ಪೀಡ್ ಇಳಿಸೋಕೆ ಹೋಗ್ಬೇಡಿ.

ಕಾಗದ ಪತ್ರದ ವಿಷಯ ಒಂದು ಮಾತು. ನಾನೇ ಕಟ್ಟಿದ್ದು, ಎಕ್ಸ್‌ಪೆರಿಮೆಂಟಲ್ ಅಂತ ನೋಂದಣಿ, ಹಾಗಾಗಿ ಬದಲಾವಣೆಗೆ ಅವಕಾಶ ಇದೆ. ಫ್ಯಾಕ್ಟರಿಲಿ ಕಟ್ಟಿರೋದಾದ್ರೆ ಕಥೆನೇ ಬೇರೆ, ಉದಾಹರಣೆಗೆ ಅಮೆರಿಕದಲ್ಲಿ ಎಸ್‌ಎಲ್‌ಎಸ್‌ಎ ವರ್ಗದ (ಫ್ಯಾಕ್ಟರಿಲಿ ಕಟ್ಟಿದ ಹಗುರ ಕ್ರೀಡಾ) ವಿಮಾನಕ್ಕೆ ಸಾಮಾನ್ಯವಾಗಿ ತಯಾರಕರ ಒಪ್ಪಿಗೆ ಇಲ್ದೇ ಪ್ರೊಪೆಲ್ಲರ್ ಕೂಡ ಬದಲಾಯಿಸೋ ಹಾಗಿಲ್ಲ. ದುಡ್ಡು ಕಟ್ಟೋ ಮುಂಚೆ ನಿಮ್ಮದು ಯಾವ ವರ್ಗ ಅಂತ ನೋಡ್ಕೊಳಿ.

ಬ್ರೇಕ್ ಡಬಲ್ ಪಿಸ್ಟನ್ ಕ್ಯಾಲಿಪರ್‌ಗೆ ಬದಲಾಯಿಸ್ದೆ. ಕಿಟ್ ಜೊತೆ ಬಂದಿದ್ರಲ್ಲಿ ರನ್‌ಅಪ್ (ಹಾರೋ ಮುಂಚೆ ನಿಂತಲ್ಲೇ ಇಂಜಿನ್ ಪರೀಕ್ಷೆ) ಮಾಡೋವಾಗ ವಿಮಾನ ಮೆಲ್ಲಗೆ ಮುಂದಕ್ಕೆ ತೆವಳ್ತಿತ್ತು, ಈಗ ಕಲ್ಲಿನ ತರ ನಿಲ್ಲುತ್ತೆ. ಆದ್ರೆ ಫ್ಲೂಯಿಡ್ ಜೋಪಾನ, ವಿಮಾನದ ಬ್ರೇಕಿಗೆ ಸಾಮಾನ್ಯವಾಗಿ ಹಾಕೋದು ಕೆಂಪು ಮಿನರಲ್ ಆಯಿಲ್, ಕಾರಿಂದು ಡಾಟ್ ಫ್ಲೂಯಿಡ್, ಒಂದರ ಸೀಲ್‌ಗೆ ಇನ್ನೊಂದು ಹಾಕಿದ್ರೆ ರಬ್ಬರ್ ಊದ್ಕೊಂಡು ಹಾಳಾಗುತ್ತೆ. ನಾನು ಮಾಸ್ಟರ್ ಸಿಲಿಂಡರಿನ ಓ ರಿಂಗ್‌ಗಳನ್ನೂ ಒಟ್ಟಿಗೇ ಬದಲಾಯಿಸ್ದೆ.

ಫ್ಯೂಯೆಲ್ ಫ್ಲೋ ಸೆನ್ಸರ್ ಒಳ್ಳೇ ವಸ್ತು, ಆದ್ರೆ ಈ ಇಂಜಿನ್‌ನಲ್ಲಿ ಸ್ವಲ್ಪ ಪೆಟ್ರೋಲ್ ರಿಟರ್ನ್ ಲೈನಲ್ಲಿ ಟ್ಯಾಂಕ್‌ಗೆ ವಾಪಸ್ ಹೋಗುತ್ತೆ. ಸೆನ್ಸರ್ ಪಂಪಿನ ಮುಂಚೆ ಹಾಕಿದ್ರೆ ಆ ವಾಪಸ್ ಹೋಗೋದನ್ನೂ ಸುಟ್ಟಿದ್ದು ಅಂತಾನೇ ಎಣಿಸುತ್ತೆ. ರಿಟರ್ನ್ ಕವಲೊಡೆದ ಮೇಲೆ, ಕಾರ್ಬ್ ಕಡೆ ಹೋಗೋ ಲೈನಿಗೆ ಜಾಗ ಬದಲಾಯಿಸಿದ್ಮೇಲೆ ಈಗ ಟ್ಯಾಂಕ್ ತುಂಬಿಸ್ದಾಗ ಒಂದು ಲೀಟರ್ ಒಳಗೇ ತಾಳೆ ಆಗುತ್ತೆ. ಎಲ್‌ಇಡಿ ಲ್ಯಾಂಡಿಂಗ್ ಲೈಟ್ ಹಾಕಿ, ಎರಡನೇ ಯೋಚನೆ ಬೇಡ, 18 ಆಂಪ್ ಇರೋ ಕಡೆ 8 ಆಂಪ್ ತಿನ್ನೋ ಹ್ಯಾಲೋಜನ್ ಯಾಕೆ. ಕೌಲಿಂಗ್‌ಗೆ ಕಾಲು ಭಾಗ ತಿರುಗಿಸಿದ್ರೆ ಬಿಚ್ಚೋ ಫಾಸ್ಟ್ನರ್ ಹಾಕಿದ್ಮೇಲೆ ಕೌಲಿಂಗ್ ತೆಗೆಯೋದು ಎರಡು ನಿಮಿಷದ ಕೆಲಸ, ಹಾಗಾಗಿ ಈಗ ವಾರ ವಾರ ತೆಗೆದು ನೋಡ್ತೀನಿ, ಕಾರ್ಬಿನ ರಬ್ಬರ್ ಸಾಕೆಟ್ ಬಿರುಕು ಬಿಟ್ಟಿದ್ದು ಸಿಕ್ಕಿದ್ದೂ ಹಾಗೇನೇ. ಇಎಲ್‌ಟಿ (ಅಪಘಾತ ಆದ್ರೆ ಸಿಗ್ನಲ್ ಕಳ್ಸೋ ಟ್ರಾನ್ಸ್‌ಮಿಟರ್) 406 ಮೆಗಾಹರ್ಟ್ಸ್‌ನದ್ದೇ ಇರ್ಲಿ, ಹಳೇ 121.5 ಸಿಗ್ನಲ್‌ನ ಉಪಗ್ರಹಗಳು ಕೇಳಿಸ್ಕೊಳೋದು 2009 ಫೆಬ್ರವರಿ 1ಕ್ಕೇ ನಿಂತಿದೆ, ಕಮ್ಮಿಗೆ ಸಿಗುತ್ತೆ ಅಂತ ಸೆಕೆಂಡ್ ಹ್ಯಾಂಡ್ ತಗೋಬೇಡಿ.

ಕಿತ್ತಿಟ್ಟಿದ್ದು ಯಾವ್ದು ಅಂದ್ರೆ, ಚಕ್ರ ಮುಚ್ಚೋ ಹೊದಿಕೆ ವೀಲ್ ಪ್ಯಾಂಟ್ಸ್ (ಹುಲ್ಲಿನ ರನ್‌ವೇ, ಒಳಗೆ ಕೆಸರು ಗಟ್ಟಿಯಾಗಿ ಚಕ್ರಕ್ಕೇ ಉಜ್ಜೋದು, ಮೂರು ನಾಟ್ ಸ್ಪೀಡ್ ಸಿಗ್ತಿದ್ದಿದ್ದು ನಿಜ), ಎರಡನೇ ಸ್ಕ್ರೀನ್, ಸೀಟಿನ ಹಿಂದಿನ ಸಾಮಾನಿನ ಗೂಡು, ಮತ್ತೆ ಕಿಟಕಿಗೆ ಅಂಟಿಸೋ ಬಿಸಿಲು ಫಿಲ್ಮ್. ಫಿಲ್ಮ್ ತೆಗೆಯೋವಾಗ ಅಂಟು ಹೋಗ್ಲಿ ಅಂತ ಪಾಲಿಕಾರ್ಬೊನೇಟ್ ಮೇಲೆ ಪೆಟ್ರೋಲಾಗ್ಲಿ ಥಿನ್ನರಾಗ್ಲಿ ಹಾಕ್ಬೇಡಿ, ಜೇಡರ ಬಲೆ ತರ ಬಿರುಕು ಬಿಡುತ್ತೆ, ನೀರು ಮತ್ತೆ ಮೆದು ಸೋಪು ಸಾಕು, ನಿಧಾನ ಆಗುತ್ತೆ ಅಷ್ಟೇ.

ಈಗ ಖಾಲಿ ತೂಕ 343 ಕೆಜಿ. ಆಯಿಲ್ ಥರ್ಮೋಸ್ಟಾಟ್ ಒಂದು ಬಂದು ಟೇಬಲ್ ಮೇಲಿದೆ, ಚಳಿಲಿ ಆಯಿಲ್ 75 ಡಿಗ್ರಿ ಮೇಲೆ ಏರ್ತಾನೇ ಇಲ್ಲ, ದಿನಕ್ಕೊಂದ್ಸಲ 100 ಮುಟ್ಟದಿದ್ರೆ ಒಳಗೆ ಸೇರೋ ನೀರು ಆವಿಯಾಗಿ ಹೋಗಲ್ಲ, ಇಷ್ಟು ದಿನ ರೇಡಿಯೇಟರಿಗೆ ಟೇಪ್ ಸುತ್ತಿ ಸಾಗಿಸ್ತಿದ್ದೆ. ಹೋಸು, ಕ್ಲಾಂಪು, ಬ್ರಾಕೆಟ್ ಸೇರಿ 410 ಗ್ರಾಂ ತೂಗಿದೆ. ಮುಂದಿನ ಆಯಿಲ್ ಚೇಂಜಿಗೆ ಹಾಕ್ತೀನಿ, ನೂರು ಗಂಟೆ ಆದ್ಮೇಲೆ ಅದ್ರ ಬಗ್ಗೆನೂ ಬರೀತೀನಿ.