ಬಿಸಿಲಲ್ಲಿ ಬೆವರು ಹರಿಸುವವರಿಗೆ ಮೆಡಿಕಲ್ ಶಾಪಿನ ಓಆರ್‌ಎಸ್ ಪುಡಿ

ಏಪ್ರಿಲ್ ಬಿಸಿಲಲ್ಲಿ ಚಿತ್ರದುರ್ಗದ ಕೋಟೆ ಹತ್ತುವವರಿಗೆ, ದಾವಣಗೆರೆಯ ಮೈದಾನಗಳಲ್ಲಿ ಓಡುವವರಿಗೆ ನೀರಿಗೆ ಕಲಸಿ ಕುಡಿಯುವ ಈ ಉಪ್ಪು-ಗ್ಲೂಕೋಸ್ ಪುಡಿಯಷ್ಟು ಅಗ್ಗದ, ನಂಬಿಕಸ್ಥ ಪೇಯ ಬೇರೆ ಸಿಗುವುದು ಕಷ್ಟ. ಕಲಸುವುದರಲ್ಲಿ ಮಾತ್ರ ಬಹಳ ಜನ ಎಡವುತ್ತಾರೆ.

ಕೊಳ್ಳುವಾಗ ಪ್ಯಾಕೆಟ್ಟಿನ ಹಿಂಬದಿ ಓದಿ. ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಟ್ರೈಸೋಡಿಯಂ ಸಿಟ್ರೇಟ್: ಇದು ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ. ಗ್ಲೂಕೋಸ್ ಹಾಕಿರುವುದು ರುಚಿಗಲ್ಲ. ಸಣ್ಣ ಕರುಳಿನಲ್ಲಿ ಅದು ಸೋಡಿಯಂ ಜೊತೆ ಸೇರಿಯೇ ಒಳಗೆ ಹೋಗುತ್ತದೆ, ಹಿಂದೆಯೇ ನೀರನ್ನೂ ಎಳೆದುಕೊಳ್ಳುತ್ತದೆ. ಹಣ್ಣಿನ ಸ್ವಾದದ ಸಿಹಿ ಟೆಟ್ರಾ ಪ್ಯಾಕುಗಳು ಈ ಕೆಲಸ ಮಾಡವು. ಸಕ್ಕರೆ ಹೆಚ್ಚಾದಷ್ಟೂ ಹೊಟ್ಟೆ ಖಾಲಿಯಾಗುವುದು ತಡ.

ದೊಡ್ಡ ಪ್ಯಾಕೆಟ್, ಸುಮಾರು 21 ಗ್ರಾಂನದ್ದು, ಪೂರ್ತಿ ಒಂದು ಲೀಟರಿಗೆ. ಅರ್ಧ ಲೀಟರ್ ಬಾಟಲಿಗೆ ಸುರಿದರೆ ದ್ರಾವಣ ಇಮ್ಮಡಿ ಗಟ್ಟಿಯಾಗಿ, ಕರುಳು ಮೈಯ ನೀರನ್ನೇ ತನ್ನೊಳಗೆ ಎಳೆದುಕೊಳ್ಳುತ್ತದೆ. ಹೊಟ್ಟೆ ನುಲಿಯುತ್ತದೆ, ಬಾಯಾರಿಕೆ ಇನ್ನೂ ಹೆಚ್ಚುತ್ತದೆ. ಬಾಟಲಿ ಚಿಕ್ಕದಿದ್ದರೆ 200 ಮಿಲಿಗೆ ಒಂದರಂತೆ ಬರುವ ಸಣ್ಣ ಪ್ಯಾಕೆಟ್ ಕೊಳ್ಳಿ. ತುಂಬಿದ ಬಾಟಲಿಗೆ ಪುಡಿ ಹಾಕಿದರೆ ಕತ್ತಿನಲ್ಲೇ ಗಂಟು ಕಟ್ಟುತ್ತದೆ. ಒಂದು ಲೋಟ ನೀರು ತೆಗೆದಿಟ್ಟು, ಪುಡಿ ಹಾಕಿ ಕುಲುಕಿ, ಆ ನೀರನ್ನು ಮತ್ತೆ ಸುರಿಯಿರಿ. ಸಕ್ಕರೆ, ಸೋಡಾ ಬೆರೆಸಬೇಡಿ. 24 ಗಂಟೆ ದಾಟಿದ್ದನ್ನು ಚೆಲ್ಲಿ.

ಎಲ್ಲರಿಗೂ ಇದು ಬೇಕೇ? ಒಂದು ಗಂಟೆಯೊಳಗಿನ ವ್ಯಾಯಾಮಕ್ಕೆ ಬರೀ ನೀರು ಸಾಕು. ಅದಕ್ಕಿಂತ ಹೆಚ್ಚು ಹೊತ್ತು ಬಿಸಿಲಲ್ಲಿ ಬೆವರಿದರೆ ಲೆಕ್ಕ ಬೇರೆ. 70 ಕೆಜಿ ತೂಕದವರು 1.4 ಕೆಜಿ, ಅಂದರೆ ಶೇ 2ರಷ್ಟು, ಕಳೆದುಕೊಂಡರೆ ರಕ್ತದ ಪ್ರಮಾಣ ಇಳಿದು ಎದೆಬಡಿತ ಏರುತ್ತದೆ, ಮೈ ಬಿಸಿಯಾಗುತ್ತದೆ, ಓಟದ ವೇಗ ಕುಸಿಯುತ್ತದೆ. ವ್ಯಾಯಾಮಕ್ಕೆ ಮೊದಲು, ಆಮೇಲೆ ತೂಕ ನೋಡಿ: ಇಳಿದ ಒಂದೊಂದು ಕೆಜಿಗೂ ಒಂದೂಕಾಲರಿಂದ ಒಂದೂವರೆ ಲೀಟರ್, ಕೆಲವು ಗಂಟೆಗಳಲ್ಲಿ ಗುಟುಕು ಗುಟುಕಾಗಿ. ಓಡುವಾಗ ಬಾಯಾರಿದಂತೆ ಕುಡಿಯಿರಿ. ತೂಕ ಏರಿದ್ದರೆ ಅತಿಯಾಯಿತು ಎಂದೇ ಅರ್ಥ. ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಂತಿ, ಗೊಂದಲ ಬಂದರೆ ಪ್ರಾಣಕ್ಕೇ ಅಪಾಯ. ಆಗ ಇನ್ನಷ್ಟು ನೀರು ಕುಡಿಸದೆ ಆಸ್ಪತ್ರೆಗೆ ಒಯ್ಯಿರಿ.

ವ್ಯಾಯಾಮ ಮುಗಿಸಿ ಮಂಡಕ್ಕಿ-ಮಿರ್ಚಿ ತಿನ್ನುವವರಿಗೆ ಉಪ್ಪು ಅಲ್ಲೇ ಸಿಗುತ್ತದೆ, ಜೊತೆಗೆ ನೀರೋ ಮಜ್ಜಿಗೆಯೋ ಸಾಕು. ಬಿಪಿ, ಕಿಡ್ನಿ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಓಆರ್‌ಎಸ್ ಮುಟ್ಟಬಾರದು.